ಮಿಲಿಟರಿ ಸೇರಬೇಕಾ? ಬೂಟು ಕಟ್ಟುವ ಮೊದಲು ಮಾರ್ಕ್ಸ್ ಕಾರ್ಡ್ ತೆಗೆಯಿರಿ

ಬೆಳಗಿನ ಐದಕ್ಕೆ ಧಾರವಾಡದ ಕರ್ನಾಟಕ ಕಾಲೇಜು ಮೈದಾನದ ಕಡೆ ಹೋದರೆ ಕತ್ತಲಲ್ಲೇ ಬೂಟಿನ ಸಪ್ಪಳ ಕೇಳುತ್ತದೆ. ಸಪ್ತಾಪುರದ ಬಾಡಿಗೆ ರೂಮುಗಳಿಂದ ಎದ್ದು ಬಂದ ಹುಡುಗರು. ನವಲಗುಂದ, ರೋಣ, ಹಾನಗಲ್ಲ, ಶಿಗ್ಗಾವಿ ಕಡೆಯವರು. ನಾನು ವಾಕಿಂಗ್ ನೆಪದಲ್ಲಿ ಒಬ್ಬಿಬ್ಬರನ್ನು ಮಾತಾಡಿಸುತ್ತೇನೆ.

"ಯಾವುದಕ್ಕ ತಯಾರಿ?"

"ಮಿಲ್ಟ್ರಿಗ್ರಿ ಸರ್."

"ಮಿಲ್ಟ್ರಿ ಅಂದ್ರ ಯಾವ ಪೋಸ್ಟು?"

"ಯಾವುದಾರ ಆಗ್ಲಿರಿ."

ಈ "ಯಾವುದಾರ ಆಗ್ಲಿ" ಅನ್ನುವುದರಲ್ಲೇ ಎಡವಟ್ಟಾಗುವುದು. ಹೋದ ವರ್ಷ ಹೀಗೇ ಸಿಕ್ಕ ಒಬ್ಬ ಹುಡುಗ ಪಿಯುಸಿ ಸೈನ್ಸ್‌ನಲ್ಲಿ ಒಳ್ಳೆ ಅಂಕ ತೆಗೆದಿದ್ದ, ಇಂಗ್ಲಿಷೂ ಚೆನ್ನಾಗಿತ್ತು. ಎನ್‌ಡಿಎ ಪರೀಕ್ಷೆ ಯಾಕೆ ಬರೆಯಲಿಲ್ಲ ಅಂದೆ. ಹಾಗಂದರೇನು ಅಂತ ಕೇಳಿದ. ಪಿಯುಸಿ ಆದವರು ಸೇನೆಯ ಅಧಿಕಾರಿಯಾಗಲು ಬರೆಯುವ ಪರೀಕ್ಷೆ ಅದು. ಅವನಿಗಾಗಲೇ 20 ತುಂಬಿತ್ತು. ಓಡುವ ಕಾಲು ಗಟ್ಟಿ ಇದ್ದವು, ಆದರೆ ಆ ಬಾಗಿಲು ಮುಚ್ಚಿ ತಿಂಗಳುಗಳೇ ಆಗಿದ್ದವು. ಅದಕ್ಕೇ ಓಟದ ಮಾತು ಆಮೇಲೆ. ಮೊದಲು ಟ್ರಂಕಿನಿಂದ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ತೆಗೆಯಿರಿ.

1. ಹುಟ್ಟಿದ ತಾರೀಖಿಗೆ ವಯಸ್ಸು ಕೂಡಿಸಿ

ನಮ್ಮ ಕಡೆ ಅರ್ಧ ಊರು ಜೂನ್ 1ಕ್ಕೇ ಹುಟ್ಟಿರುತ್ತದೆ, ಅಲ್ವಾ? ಶಾಲೆಗೆ ಸೇರಿಸುವಾಗ ಮಾಸ್ತರರು ಬರೆದದ್ದು. ಅಮ್ಮ ಏನೇ ಹೇಳಲಿ, ಸೇನೆಗೆ ಲೆಕ್ಕಕ್ಕೆ ಬರುವುದು ಮಾರ್ಕ್ಸ್ ಕಾರ್ಡಿನ ತಾರೀಖು.

ಒಂದು ಹಾಳೆ ತೆಗೆದುಕೊಂಡು ನಿಮಗೆ ಹದಿನಾರೂವರೆ, ಹದಿನೇಳೂವರೆ, ಹತ್ತೊಂಬತ್ತೂವರೆ, 21, 24, 25 ತುಂಬುವ ದಿನಗಳನ್ನು ಬರೆಯಿರಿ. ಎನ್‌ಡಿಎಗೆ ತರಬೇತಿ ಶುರುವಾಗುವ ಹೊತ್ತಿಗೆ ಹದಿನಾರೂವರೆ ದಾಟಿರಬೇಕು, ಹತ್ತೊಂಬತ್ತೂವರೆ ಮೀರಿರಬಾರದು. ನಾಲ್ಕು ವರ್ಷಕ್ಕೆ ಭರ್ತಿಯಾಗುವ ಸೈನಿಕರಿಗೆ, ಅಂದರೆ ಅಗ್ನಿವೀರರಿಗೆ, 2022ರ ಜೂನ್‌ನಲ್ಲಿ ಯೋಜನೆ ಪ್ರಕಟವಾದಾಗ ಇಟ್ಟ ಮಿತಿ ಹದಿನೇಳೂವರೆಯಿಂದ 21. ಪದವಿ ಮುಗಿಸಿ ಅಧಿಕಾರಿಯಾಗಲು ಸಿಡಿಎಸ್ ಪರೀಕ್ಷೆ ಬರೆಯುವವರಿಗೆ ಡೆಹ್ರಾಡೂನಿನ ಮಿಲಿಟರಿ ಅಕಾಡೆಮಿಗಾದರೆ 24, ಚೆನ್ನೈನ ಅಕಾಡೆಮಿಗಾದರೆ 25ರವರೆಗೆ ಅವಕಾಶ. ಪ್ರತಿ ಅಧಿಸೂಚನೆಯಲ್ಲೂ "ಈ ತಾರೀಖಿನಿಂದ ಈ ತಾರೀಖಿನೊಳಗೆ ಹುಟ್ಟಿದವರು" ಎಂಬ ಸಾಲು ಇರುತ್ತದೆ. ಯೂಟ್ಯೂಬ್ ಬಿಟ್ಟು ಆ ಸಾಲನ್ನು ನಂಬಿ. ಒಂದು ದಿನ ಹೆಚ್ಚಾದರೂ ಅರ್ಜಿ ಮುಂದೆ ಹೋಗುವುದಿಲ್ಲ.

2. ಯಾವ ಬಾಗಿಲು?

ಹತ್ತನೇ ತರಗತಿ ಪಾಸಾಗಿ ಒಟ್ಟು 45%, ಪ್ರತಿ ವಿಷಯದಲ್ಲಿ 33% ಇದ್ದರೆ ಅಗ್ನಿವೀರ ಜನರಲ್ ಡ್ಯೂಟಿ, ಅಂದರೆ ಸಾಮಾನ್ಯ ಸೈನಿಕನ ಹುದ್ದೆ. ಹುಡುಗರು "ಜಿಡಿ" ಅನ್ನುವುದು ಇದಕ್ಕೇ. ಪಿಯುಸಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾತ್ಸ್, ಇಂಗ್ಲಿಷ್ ಇದ್ದು ಒಟ್ಟು 50% ಬಂದಿದ್ದರೆ ಟೆಕ್ನಿಕಲ್. ಕ್ಲರ್ಕ್ ಹುದ್ದೆಗೆ ಯಾವ ವಿಭಾಗವಾದರೂ ಸರಿ, ಆದರೆ ಒಟ್ಟು 60%, ಪ್ರತಿ ವಿಷಯದಲ್ಲಿ 50% ಬೇಕು. ಕಾಮರ್ಸ್ ಹುಡುಗರು ಇದನ್ನು ಸುಮ್ನೆ ಬಿಟ್ಟು ಜಿಡಿ ಸಾಲಿನಲ್ಲಿ ನಿಂತಿರುವುದನ್ನು ಎಷ್ಟೋ ಸಲ ನೋಡಿದ್ದೇನೆ. ಎತ್ತರದಲ್ಲೂ ವ್ಯತ್ಯಾಸವಿದೆ. ನಮ್ಮ ರಾಜ್ಯದವರಿಗೆ ಜಿಡಿಗೆ 166 ಸೆಂಟಿಮೀಟರ್ ಕೇಳಿದರೆ ಕ್ಲರ್ಕಿಗೆ 162 ಸಾಕು. ಗಿಡ್ಡ ಇದ್ದೀನಿ ಅಂತ ಕೈಬಿಟ್ಟವರು ಒಮ್ಮೆ ಗೋಡೆಗೆ ಬೆನ್ನು ಹಚ್ಚಿ ನಿಂತು ಅಳೆಸಿಕೊಳ್ಳಿ.

ವಾಯುಪಡೆ ಮತ್ತು ನೌಕಾಪಡೆಯ ಅಗ್ನಿವೀರರ ಅರ್ಜಿಗಳು ಬೇರೆ, ಪರೀಕ್ಷೆಗಳೂ ಬೇರೆ. ವಾಯುಪಡೆಯ ಅಗ್ನಿವೀರರಿಗೆ ತರಬೇತಿ ಕೊಡುವ ಕೇಂದ್ರ ಇರುವುದು ನಮ್ಮ ಪಕ್ಕದ ಬೆಳಗಾವಿಯ ಸಾಂಬ್ರಾದಲ್ಲಿ. ಬಿಎಸ್‌ಎಫ್, ಸಿಆರ್‌ಪಿಎಫ್ ಮಾತ್ರ ಸೇನೆಯಲ್ಲ. ಅವು ಗೃಹ ಸಚಿವಾಲಯದ ಕೆಳಗೆ ಬರುತ್ತವೆ, ಭರ್ತಿಯ ದಾರಿಯೂ ಬೇರೆ. ಊರಲ್ಲಿ ಎಲ್ಲವನ್ನೂ ಸೇರಿಸಿ "ಮಿಲ್ಟ್ರಿ" ಅನ್ನುತ್ತಾರೆ, ಗೊಂದಲ ಅಲ್ಲಿಂದಲೇ ಶುರು.

ಇನ್ನು ಅಧಿಕಾರಿಗಳ ಬಾಗಿಲು. ನನ್ನ ಒತ್ತಾಯವೆಲ್ಲ ಇದರ ಮೇಲೆ. ಎನ್‌ಡಿಎ ಪರೀಕ್ಷೆಯನ್ನು ಯುಪಿಎಸ್‌ಸಿ ವರ್ಷಕ್ಕೆ ಎರಡು ಸಲ, ಸಾಮಾನ್ಯವಾಗಿ ಏಪ್ರಿಲ್ ಮತ್ತು ಸೆಪ್ಟೆಂಬರ್‌ನಲ್ಲಿ, ನಡೆಸುತ್ತದೆ. ದ್ವಿತೀಯ ಪಿಯುಸಿ ಓದುತ್ತಿರುವಾಗಲೇ ಅರ್ಜಿ ಹಾಕಬಹುದು. ಧಾರವಾಡದಲ್ಲೇ ಕೇಂದ್ರವಿದೆ, ಬೆಂಗಳೂರಿಗೆ ರಾತ್ರಿ ಬಸ್ ಹತ್ತಬೇಕಿಲ್ಲ. ಗಣಿತಕ್ಕೆ 300 ಅಂಕ, ಸಾಮಾನ್ಯ ಸಾಮರ್ಥ್ಯಕ್ಕೆ 600. ಭೂಸೇನೆಗೆ ಆರ್ಟ್ಸ್ ಓದಿದವರೂ ಬರೆಯಬಹುದು. ಆದರೆ ಗಣಿತದ ಪೇಪರ್ ಯಾರಿಗೂ ತಪ್ಪಿದ್ದಲ್ಲ, ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಕನ್ನಡ ಮಾಧ್ಯಮದವರು ಇಲ್ಲೇ ಹಿಂದೆ ಸರಿಯುತ್ತಾರೆ. ಸೈನ್ಸ್ ತೆಗೆದುಕೊಂಡು ಎರಡು ವರ್ಷ ಇಂಗ್ಲಿಷಿನಲ್ಲೇ ಲೆಕ್ಕ ಮಾಡಿದವರಿಗೆ ಅದು ಅಂಥ ದೊಡ್ಡ ಗೋಡೆಯಲ್ಲ.

ಪಾಸಾದರೆ ಅಧಿಕಾರಿಗಳನ್ನು ಆರಿಸುವ ಮಂಡಳಿಯ, ಅಂದರೆ ಎಸ್‌ಎಸ್‌ಬಿಯ, ಐದು ದಿನಗಳ ಸಂದರ್ಶನ. ಅಲ್ಲಿ 60 ಪದಗಳನ್ನು ಒಂದೊಂದಾಗಿ ತೋರಿಸುತ್ತಾರೆ, ಪ್ರತಿ ಪದಕ್ಕೆ 15 ಸೆಕೆಂಡಿನಲ್ಲಿ ಒಂದು ವಾಕ್ಯ ಬರೆಯಬೇಕು. ಬಾಯಿಪಾಠ ಮಾಡಿದ್ದು ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಆಯ್ಕೆಯಾದವರಿಗೆ ಪುಣೆ ಹತ್ತಿರದ ಖಡಕ್‌ವಾಸ್ಲಾದಲ್ಲಿ ಮೂರು ವರ್ಷ, ಆಮೇಲೆ ಭೂಸೇನೆಯವರಿಗೆ ಡೆಹ್ರಾಡೂನಿನಲ್ಲಿ ಒಂದು ವರ್ಷ. ಖರ್ಚು ಸರ್ಕಾರದ್ದು. ಲೆಫ್ಟಿನೆಂಟ್ ಆದವರ ಮೂಲ ವೇತನ 56,100 ರೂಪಾಯಿಯಿಂದ ಶುರು.

ಹುಡುಗಿಯರಿಗೂ ಎನ್‌ಡಿಎ ಬಾಗಿಲು 2021ರ ಸುಪ್ರೀಂ ಕೋರ್ಟ್ ಆದೇಶದಿಂದ ತೆರೆಯಿತು. 2025ರ ಮೇ ತಿಂಗಳಲ್ಲಿ ಮೊದಲ 17 ಮಹಿಳಾ ಕೆಡೆಟ್‌ಗಳು ಅಲ್ಲಿಂದ ಹೊರಬಂದರು. ಹತ್ತನೇ ತರಗತಿ ಮುಗಿಸಿದ ಹುಡುಗಿಯರಿಗೆ ಮಿಲಿಟರಿ ಪೊಲೀಸ್ ವಿಭಾಗದಲ್ಲಿ ಅಗ್ನಿವೀರ ಹುದ್ದೆ ಇದೆ.

ಕಾಲೇಜಿನಲ್ಲಿ ಎನ್‌ಸಿಸಿ ಇದ್ದರೆ ಸೇರಿಬಿಡಿ. ಪ್ರಮಾಣಪತ್ರಕ್ಕೆ ಅಗ್ನಿವೀರ ಭರ್ತಿಯಲ್ಲಿ ಬೋನಸ್ ಅಂಕ ಸಿಗುತ್ತದೆ. ಡಿಗ್ರಿಯ ಜೊತೆ 'ಸಿ' ಸರ್ಟಿಫಿಕೇಟ್ ಇದ್ದರೆ ಲಿಖಿತ ಪರೀಕ್ಷೆಯಿಲ್ಲದೆ ನೇರವಾಗಿ ಎಸ್‌ಎಸ್‌ಬಿಗೆ ಹೋಗುವ ದಾರಿಯೂ ಉಂಟು.

3. ನಾಲ್ಕು ವರ್ಷದ ಲೆಕ್ಕ ಮನೆಯಲ್ಲಿ ಕೂತು ಮಾಡಿ

ಅಗ್ನಿವೀರರ ಸೇವೆ ನಾಲ್ಕು ವರ್ಷ. ಆಮೇಲೆ ಹೆಚ್ಚೆಂದರೆ 25% ಜನರನ್ನು ಕಾಯಂ ಮಾಡಿಕೊಳ್ಳುತ್ತಾರೆ ಎಂಬುದು ಯೋಜನೆಯ ನಿಯಮ. ಮೊದಲ ವರ್ಷ ತಿಂಗಳಿಗೆ 30,000, ನಾಲ್ಕನೇ ವರ್ಷ 40,000. ಆದರೆ 30% ಸೇವಾ ನಿಧಿಗೆ ಹೋಗುತ್ತದೆ, ಹಾಗಾಗಿ ಕೈಗೆ ಬರುವುದು ಮೊದಲ ವರ್ಷ 21,000, ಕೊನೆಯ ವರ್ಷ 28,000. ಅಷ್ಟೇ ಮೊತ್ತವನ್ನು ಸರ್ಕಾರವೂ ಹಾಕಿ, ಹೊರಬರುವಾಗ ಬಡ್ಡಿ ಬಿಟ್ಟು ಸುಮಾರು ಹತ್ತು ಲಕ್ಷ ಕೊಡುತ್ತದೆ. ಅದಕ್ಕೆ ಆದಾಯ ತೆರಿಗೆಯಿಲ್ಲ. ಪಿಂಚಣಿ, ಗ್ರಾಚ್ಯುಟಿ ಇಲ್ಲ.

ಅಂದರೆ 18ಕ್ಕೆ ಹೋದವನು 22ಕ್ಕೆ ಹತ್ತು ಲಕ್ಷ ಹಿಡಿದು ಹುಬ್ಬಳ್ಳಿ ಸ್ಟೇಷನ್ನಿನಲ್ಲಿ ಇಳಿಯಬಹುದು. ಆಮೇಲೇನು? ಇದನ್ನು ಹೋಗುವ ಮೊದಲೇ ಕೇಳಿಕೊಳ್ಳಬೇಕು. ಡಿಗ್ರಿ ಓದುತ್ತಿರುವವರು ಅರ್ಧಕ್ಕೆ ಬಿಟ್ಟು ಹೋಗುವುದು ನನಗಂತೂ ಸರಿ ಕಾಣುವುದಿಲ್ಲ. ದೂರ ಶಿಕ್ಷಣದಲ್ಲಿ ಮುಂದುವರಿಸುವ ದಾರಿಯನ್ನು ಮೊದಲೇ ನೋಡಿಟ್ಟುಕೊಳ್ಳಿ.

ಇನ್ನೊಂದು ಮಾತು, ಅಮ್ಮಂದಿರು ಮನಸ್ಸಿನಲ್ಲೇ ಇಟ್ಟುಕೊಳ್ಳುವಂಥದ್ದು. ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರ ಹೆಸರು ಈ ಭಾಗದ ಪ್ರತಿ ಮನೆಗೂ ಗೊತ್ತು. 2016ರ ಫೆಬ್ರುವರಿಯಲ್ಲಿ ಸಿಯಾಚಿನ್‌ನಲ್ಲಿ ಹಿಮದಡಿ ಹಲವು ದಿನ ಸಿಲುಕಿ ಜೀವಂತ ಸಿಕ್ಕರು. ಫೆಬ್ರುವರಿ 11ರಂದು ದಿಲ್ಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಮನೆಯವರೊಂದಿಗೆ ಮಾತಾಡುವಾಗ ಈ ವಿಷಯವನ್ನು ಜಾರಿಸಬೇಡಿ. ಅಗ್ನಿವೀರರಿಗೆ 48 ಲಕ್ಷ ರೂಪಾಯಿಯ ವಿಮೆ ಇದೆ ಅನ್ನುವುದನ್ನೂ ಹೇಳಿ, ಅದು ಯಾವುದಕ್ಕೆ ಇದೆ ಅನ್ನುವುದನ್ನೂ ಹೇಳಿ.

4. ಹೆಸರು ಸರಿ ಮಾಡಿಸಿ

ಓಟ, ಮೆಡಿಕಲ್ ನಡೆಯುವ ಭರ್ತಿ ರ್‍ಯಾಲಿಯಲ್ಲಿ ಓಡಿ ಗೆದ್ದು ಕಾಗದದಲ್ಲಿ ಸೋತವರನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ನಮ್ಮ ಕಡೆಯ ಹೆಸರುಗಳೇ ಹಾಗೆ. ಮಾರ್ಕ್ಸ್ ಕಾರ್ಡಿನಲ್ಲಿ ಹೆಸರು, ಅಪ್ಪನ ಹೆಸರು, ಅಡ್ಡಹೆಸರು ಮೂರೂ ಇರುತ್ತವೆ. ಆಧಾರ್‌ನಲ್ಲಿ ಬರೀ ಇನಿಶಿಯಲ್. ಪಾನ್ ಕಾರ್ಡಿನಲ್ಲಿ ಅಡ್ಡಹೆಸರು ಮುಂದೆ. ಇಂಗ್ಲಿಷ್ ಸ್ಪೆಲ್ಲಿಂಗ್ ಅಂತೂ ಮೂರು ಕಡೆ ಮೂರು ಥರ. ಇದನ್ನು ಅರ್ಜಿ ಹಾಕುವ ಆರು ತಿಂಗಳ ಮೊದಲೇ ಮಾರ್ಕ್ಸ್ ಕಾರ್ಡಿಗೆ ಹೊಂದಿಸಿ. ಜಾತಿ ಪತ್ರ, ವಾಸಸ್ಥಳ ಪತ್ರವನ್ನು ನಾಡಕಚೇರಿಯಲ್ಲಿ ಮಾಡಿಸಿ. ನಡತೆ ಪತ್ರ, ಅವಿವಾಹಿತ ಪತ್ರ ಮಾತ್ರ ಈಗಲೇ ಬೇಡ, ಅವು ಆರು ತಿಂಗಳೊಳಗಿನವೇ ಬೇಕು.

ಇಲ್ಲೊಂದು ತಮಾಷೆ. ಬೆಳಗಾವಿ ನಮಗೆ ಹತ್ತಿರ, ಅಲ್ಲೊಂದು ಸೇನಾ ನೇಮಕಾತಿ ಕಚೇರಿಯೂ ಇದೆ. ಆದರೂ ಧಾರವಾಡ, ಗದಗ, ಹಾವೇರಿ ಜಿಲ್ಲೆಗಳು ಸೇರುವುದು ಮಂಗಳೂರು ಕಚೇರಿಗೆ. ರ್‍ಯಾಲಿ ಎಲ್ಲಿ ನಡೆಯುತ್ತದೆ ಎಂಬುದು ಪ್ರವೇಶ ಪತ್ರದಲ್ಲಿ ಬರುತ್ತದೆ. ಅರ್ಜಿಯನ್ನು 'ಜಾಯಿನ್ ಇಂಡಿಯನ್ ಆರ್ಮಿ' ಜಾಲತಾಣದಲ್ಲಿ ನೀವೇ ತುಂಬಿ. ಸೈಬರ್ ಸೆಂಟರಿನವರ ಮೊಬೈಲ್ ನಂಬರು, ಇಮೇಲ್ ಹಾಕಿಸಬೇಡಿ, ಆಮೇಲೆ ಒಟಿಪಿಗಾಗಿ ಅವರ ಹಿಂದೆ ಅಲೆಯುವುದಾಗುತ್ತದೆ. "ನಂಗ ಒಳಗ ಪರಿಚಯ ಐತಿ" ಅಂದವನಿಗೆ ನಮ್ಮ ಸಂಬಂಧಿಕರೊಬ್ಬರು ಎಮ್ಮೆ ಮಾರಿ ದುಡ್ಡು ಕೊಟ್ಟಿದ್ದರು. ಎಮ್ಮೆಯೂ ಹೋಯಿತು, ಅವನೂ ಹೋದ.

5. ಮೊದಲು ಪರೀಕ್ಷೆ, ಆಮೇಲೆ ಓಟ

ಹಿಂದೆ ಓಡಿ ಪಾಸಾದವರು ಪರೀಕ್ಷೆ ಬರೆಯುತ್ತಿದ್ದರು. 2023ರಿಂದ ಉಲ್ಟಾ. ಮೊದಲು ಕಂಪ್ಯೂಟರಿನಲ್ಲಿ ಲಿಖಿತ ಪರೀಕ್ಷೆ, ಅದರಲ್ಲಿ ಆಯ್ಕೆಯಾದವರಿಗೆ ಮಾತ್ರ ರ್‍ಯಾಲಿ. ಜಿಡಿಗೆ ಒಂದು ಗಂಟೆಯಲ್ಲಿ 50 ಪ್ರಶ್ನೆ, 100 ಅಂಕ. ತಪ್ಪು ಉತ್ತರಕ್ಕೆ ಅರ್ಧ ಅಂಕ ಕಡಿತ. 2025ರಿಂದ ಕನ್ನಡದಲ್ಲೂ ಬರೆಯಬಹುದು. ಅರ್ಜಿ ತುಂಬುವಾಗ ಭಾಷೆ ಆರಿಸುವುದನ್ನು ಮರೆಯಬೇಡಿ. ದಿನಕ್ಕೆ ಎರಡು ಹೊತ್ತು ಓಡಿ ರಾತ್ರಿ ಪುಸ್ತಕ ಹಿಡಿದು ತೂಕಡಿಸುವವರು ಬೆಳಗಿನ ಒಂದು ಹೊತ್ತು ಮಾತ್ರ ಓಡಿದರೆ ಸಾಕು.

6. 1.6 ಕಿಲೋಮೀಟರ್ ಅಂದರೆ ನಾಲ್ಕು ಸುತ್ತು

ಭರ್ತಿಯ ಓಟ ಇಷ್ಟೇ, 400 ಮೀಟರ್ ಟ್ರ್ಯಾಕಿನಲ್ಲಿ ನಾಲ್ಕು ಸುತ್ತು. ಐದೂವರೆ ನಿಮಿಷದೊಳಗೆ ಮುಗಿಸಿದರೆ ಪೂರ್ತಿ 60 ಅಂಕ, ತಡವಾದಂತೆ ಅಂಕ ಇಳಿಯುತ್ತದೆ. ಹತ್ತು ಪುಲ್‌ಅಪ್‌ಗೆ 40 ಅಂಕ. ಒಂಬತ್ತು ಅಡಿ ಹಳ್ಳ ಜಿಗಿಯುವುದು, ಅಂಕುಡೊಂಕು ಹಲಗೆಯ ಮೇಲೆ ನಡೆಯುವುದು ಪಾಸಾದರೆ ಸಾಕು.

ಐದೂವರೆ ನಿಮಿಷವನ್ನು ನಾಲ್ಕರಿಂದ ಭಾಗಿಸಿದರೆ ಸುತ್ತಿಗೆ ಎಂಬತ್ತೆರಡೂವರೆ ಸೆಕೆಂಡು. ಮೈದಾನದಲ್ಲಿ ನಾನು ಕಾಣುವ ತಪ್ಪು ಒಂದೇ. ಗುಂಪು ಬಿಟ್ಟೊಡನೆ ಎಲ್ಲರೂ ಮೊದಲ ಸುತ್ತನ್ನು 70ರಲ್ಲಿ ಹೊಡೆಯುತ್ತಾರೆ. ಎರಡನೆಯದು 80. ಮೂರನೆಯದರಲ್ಲಿ ಬಾಯಿ ತೆರೆದು, ಹೆಗಲು ಮೇಲೇರಿ, 95 ಆಗಿರುತ್ತದೆ. ಕೊನೆಯ ಸುತ್ತಿಗೆ ಕಾಲೇ ಇರುವುದಿಲ್ಲ. ಗೆಳೆಯನ ಕೈಗೆ ಗಡಿಯಾರ ಕೊಟ್ಟು ಪ್ರತಿ ಸುತ್ತಿಗೂ ಕೂಗಿ ಹೇಳಿಸಿಕೊಳ್ಳಿ. ಮೊದಲನೆಯದು 80ಕ್ಕಿಂತ ಕಡಿಮೆ ಬಂದರೆ ತಡೆಯಿರಿ. ಹುಬ್ಬಳ್ಳಿಯವರು ವಾರಕ್ಕೊಮ್ಮೆ ನೃಪತುಂಗ ಬೆಟ್ಟ ಹತ್ತಿ ಓಡಲಿ, ದಮ್ಮು ಬರುತ್ತದೆ. ಡಾಂಬರು ರಸ್ತೆಯಲ್ಲಿ ದಿನಾ ಓಡಿದರೆ ಮೊಣಕಾಲ ಕೆಳಗಿನ ಮೂಳೆ ನೋಯಲು ಶುರುವಾಗುತ್ತದೆ. ಹೊಲದ ದಾರಿಯ ಮಣ್ಣೇ ಒಳ್ಳೆಯದು.

7. ಮೆಡಿಕಲ್

ಇದನ್ನು ಎಲ್ಲರೂ ಕೊನೆಗೆ ಇಟ್ಟುಕೊಳ್ಳುತ್ತಾರೆ, ವರ್ಷದ ಮೊದಲೇ ನೋಡಿಸಬೇಕಾದದ್ದು. ಎರಡು ಮೊಣಕಾಲು ತಾಗಿಸಿ ನಿಂತಾಗ ಪಾದಗಳು ದೂರ ಉಳಿಯುತ್ತವೆಯಾ? ಒದ್ದೆ ಪಾದವನ್ನು ಸಿಮೆಂಟ್ ನೆಲದ ಮೇಲಿಟ್ಟರೆ ನಡುವೆ ಖಾಲಿ ಬಿಡದೆ ಪೂರ್ತಿ ಅಚ್ಚು ಮೂಡುತ್ತದೆಯಾ? ಬಣ್ಣ ಗುರುತಿಸಲು ಕಷ್ಟವಾ? ಜಿಲ್ಲಾ ಆಸ್ಪತ್ರೆಯಲ್ಲೋ ಜನ ಕಿಮ್ಸ್ ಅನ್ನುವ ಹುಬ್ಬಳ್ಳಿಯ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲೋ ಒಮ್ಮೆ ತೋರಿಸಿ. ಎದೆ 77 ಸೆಂಟಿಮೀಟರ್ ಇದ್ದು, ಉಸಿರೆಳೆದಾಗ 5 ಹಿಗ್ಗಬೇಕು. ಜಾತ್ರೆಯಲ್ಲಿ ಗೆಳೆಯರ ಜೊತೆ ಹಚ್ಚೆ ಹಾಕಿಸಿಕೊಳ್ಳುವ ಆಸೆ ಇದ್ದರೆ ತಡೆಯಿರಿ. ಮುಂಗೈ ಒಳಭಾಗ ಮತ್ತು ಅಂಗೈ ಹಿಂಭಾಗ ಬಿಟ್ಟು ಬೇರೆ ಕಡೆಯ ಹಚ್ಚೆ ತೊಂದರೆ ಕೊಡುತ್ತದೆ.

ಮತ್ತೆ ಕಿವಿ. ನಗಬೇಡಿ. ಕಿವಿಯಲ್ಲಿ ಗುಗ್ಗೆ ತುಂಬಿದ್ದರೆ ಡಾಕ್ಟರಿಗೆ ಒಳಗಿನ ತಮಟೆ ಕಾಣುವುದಿಲ್ಲ, ಹುಡುಗನನ್ನು ಪಕ್ಕಕ್ಕೆ ನಿಲ್ಲಿಸುತ್ತಾರೆ. ಬೆಂಕಿಕಡ್ಡಿ ಹಾಕಿ ಕೆದಕುವುದು ಬೇಡ. ರ್‍ಯಾಲಿಗೆ ಹದಿನೈದು ದಿನ ಇರುವಾಗ ಕಿವಿ ಡಾಕ್ಟರ ಹತ್ತಿರ ಹೋಗಿ ಸ್ವಚ್ಛ ಮಾಡಿಸಿಕೊಂಡು ಬನ್ನಿ. ಇಷ್ಟಾದ ಮೇಲೂ ಮೆಡಿಕಲ್‌ನಲ್ಲಿ ಅನರ್ಹ ಅಂದರೆ ಬ್ಯಾಗು ಎತ್ತಿಕೊಂಡು ಬಸ್ ಸ್ಟ್ಯಾಂಡಿಗೆ ನಡೆಯಬೇಡಿ. ಮಿಲಿಟರಿ ಆಸ್ಪತ್ರೆಯಲ್ಲಿ ಮರುಪರೀಕ್ಷೆ ಕೇಳುವ ಅವಕಾಶವಿದೆ. ಯಾವ ಆಸ್ಪತ್ರೆ, ಎಷ್ಟು ದಿನದೊಳಗೆ ಅಂತ ಅಲ್ಲೇ ನಿಂತು ಬರೆಸಿಕೊಂಡು ಬನ್ನಿ.