ಹಳೆ ಪುಸ್ತಕದ ಅಂಗಡಿ: ಮಾರುವುದಕ್ಕಿಂತ ಕೊಳ್ಳುವುದೇ ಕಷ್ಟ

ತುಮಕೂರಿನಲ್ಲಿ ಹಳೆ ಪುಸ್ತಕದ ಅಂಗಡಿ ಇಟ್ಟಿದ್ದೇನೆ ಅಂದರೆ ಜನ ಮೊದಲು ಕೇಳುವುದು ಒಂದೇ ಮಾತು: "ಈ ಮೊಬೈಲ್ ಕಾಲದಲ್ಲಿ ಪುಸ್ತಕ ಯಾರು ತಗೋತಾರೆ?" ತಗೊಳ್ಳುವವರು ಇದ್ದಾರೆ. ಬೇಕಾದ ಪುಸ್ತಕ ಬೇಕಾದ ಹೊತ್ತಿಗೆ ಕೈಗೆ ಬರುವುದೇ ಕಷ್ಟ. ಹೊಸ ಪುಸ್ತಕದ ಅಂಗಡಿಯವರು ಪ್ರಕಾಶಕರಿಗೆ ಫೋನ್ ಮಾಡಿ ತರಿಸಿಕೊಳ್ಳುತ್ತಾರೆ. ಹೋಗದೆ ಉಳಿದರೆ ಎಷ್ಟೋ ಸಲ ವಾಪಸ್ ಕಳಿಸುತ್ತಾರೆ. ನನಗೆ ಆ ಎರಡೂ ದಾರಿ ಇಲ್ಲ. ಯಾರೋ ಚೀಲ ಹೊತ್ತು ತಂದು ಮೇಜಿನ ಮೇಲೆ ಸುರಿಯುತ್ತಾರೆ. ಅವರು ನಿಂತಿರುವಷ್ಟು ಹೊತ್ತಿನಲ್ಲೇ ಯಾವುದು ಬೇಕು, ಯಾವುದು ಬೇಡ, ಎಷ್ಟು ಕೊಡಬಹುದು ಅಂತ ಹೇಳಬೇಕು. ಅಂಗಡಿಯ ಲಾಭ ನಷ್ಟ ಅಲ್ಲೇ ತೀರ್ಮಾನವಾಗಿಬಿಡುತ್ತದೆ.

ಬಿ.ಎಚ್. ರಸ್ತೆಯಿಂದ ಒಳಕ್ಕೆ ತಿರುಗುವ ಒಂದು ಅಡ್ಡರಸ್ತೆಯಲ್ಲಿ ನನ್ನ ಅಂಗಡಿ. ಒಂದು ಷಟರ್, ಮೇಲೊಂದು ಅಟ್ಟ. ಬಾಡಿಗೆ ಕಟ್ಟುವುದು ಪಠ್ಯಪುಸ್ತಕಗಳು ಮತ್ತು ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳು. ಕಥೆ, ಕಾದಂಬರಿ, ವಿಮರ್ಶೆ, ಹಳೆ ಮಾಸಪತ್ರಿಕೆ ಇವೆಲ್ಲ ನನ್ನ ಆಸೆಯವು. ಅವು ತಮ್ಮ ಓದುಗ ಬರುವ ತನಕ ವರ್ಷಗಟ್ಟಲೆ ಕಾಯುತ್ತವೆ. ಅಷ್ಟು ಕಾಲ ಅವಕ್ಕೆ ಜಾಗ ಕೊಡಬೇಕು ಅಂದರೆ ಪಠ್ಯಪುಸ್ತಕದ ಲೆಕ್ಕ ತಪ್ಪಬಾರದು.

ಆ ಲೆಕ್ಕ ಸುಲಭ ಅಲ್ಲ, ಯಾಕಂದರೆ ಸಿಲಬಸ್ ನಿಂತಲ್ಲಿ ನಿಲ್ಲುವುದಿಲ್ಲ. ನಮ್ಮ ರಾಜ್ಯದಲ್ಲಿ ಡಿಗ್ರಿಗೆ ಎನ್‌ಇಪಿ, ಅಂದರೆ ರಾಷ್ಟ್ರೀಯ ಶಿಕ್ಷಣ ನೀತಿ, ಬಂದದ್ದು 2021-22ರಲ್ಲಿ. 2024-25ರಲ್ಲಿ ಅದನ್ನು ಕೈಬಿಟ್ಟು ಮತ್ತೆ ಮೂರು ವರ್ಷದ ಪದವಿಗೆ ಮರಳಿದರು. ಆ ಮಧ್ಯೆ ಅಚ್ಚಾದ ಸೆಮಿಸ್ಟರ್ ಪುಸ್ತಕಗಳನ್ನು ಈಗ ಯಾರೂ ಕೇಳುವುದಿಲ್ಲ. ಎಂಜಿನಿಯರಿಂಗ್‌ನಲ್ಲಿ ವಿಟಿಯು ವಿಶ್ವವಿದ್ಯಾಲಯದ ಸ್ಕೀಮ್, ಅಂದರೆ ಪಠ್ಯಕ್ರಮ, 2018ರದ್ದು, 2021ರದ್ದು, 2022ರದ್ದು ಅಂತ ಬದಲಾಗುತ್ತಲೇ ಬಂದಿದೆ. ಅದಕ್ಕೆ ನಾನು ಒಂದು ಸ್ಕೀಮಿಗೇ ಅಂತ ಬರೆದ ಗೈಡ್‌ಗಳನ್ನು ಬಹಳ ಕಡಿಮೆ ತಗೊಳ್ಳುತ್ತೇನೆ. ಗಣಿತ, ಥರ್ಮೋಡೈನಾಮಿಕ್ಸ್, ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ಥರದ ಮೂಲ ಪುಸ್ತಕ ಬಂದರೆ ಬಿಡುವುದಿಲ್ಲ. ಸ್ಕೀಮ್ ಯಾವುದಾದರೂ ಆ ವಿಷಯ ಓದಲೇಬೇಕು.

ಪಿಯುಸಿ ವಿಜ್ಞಾನದ್ದು ಬೇರೆ ಥರ, ಅಲ್ಲಿ ಓದುವುದು ಕೇಂದ್ರದ ಎನ್‌ಸಿಇಆರ್‌ಟಿ ಪುಸ್ತಕಗಳು. 2022ರಲ್ಲಿ ಎನ್‌ಸಿಇಆರ್‌ಟಿ ತನ್ನ ಪುಸ್ತಕಗಳಿಂದ ಕೆಲವು ಪಾಠಗಳನ್ನು ತೆಗೆಯಿತು. ಹಳೆ ಮುದ್ರಣದಲ್ಲಿ ಆ ಪಾಠಗಳು ಜಾಸ್ತಿ ಇರುತ್ತವೆ ಅಷ್ಟೇ. ಮಕ್ಕಳಿಗೆ ಇದನ್ನು ಮೊದಲೇ ಹೇಳಿ, ಯಾವ ಪಾಠ ಬಿಡಬಹುದು ಅಂತ ಪೆನ್ಸಿಲ್‌ನಲ್ಲಿ ಗುರುತು ಹಾಕಿ ಕೊಡುತ್ತೇನೆ.

ಕಾನೂನಿನ ಪುಸ್ತಕಗಳದ್ದು ಇನ್ನೊಂದು ಪಾಠ. 2024ರ ಜುಲೈ 1ರಂದು ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂತು. 1860ರ ದಂಡ ಸಂಹಿತೆಯಲ್ಲಿ 511 ಕಲಮುಗಳಿದ್ದವು, ಹೊಸದರಲ್ಲಿ 358. ನಂಬರ್‌ಗಳೆಲ್ಲ ಅದಲು ಬದಲು. ಲಾ ಕಾಲೇಜಿನ ಹುಡುಗರು ಹಳೆ ಪುಸ್ತಕಗಳನ್ನು ಕಟ್ಟು ಕಟ್ಟಾಗಿ ತಂದು ಹಾಕಿದರು. "ಅದನ್ನ ತೂಕಕ್ಕೆ ಹಾಕ್ಬಿಡಿ" ಅಂತ ನನಗೆ ತುಂಬಾ ಜನ ಹೇಳಿದರು. ನಾನು ಹಾಕಲಿಲ್ಲ. ಜುಲೈ 1ಕ್ಕೆ ಮುಂಚೆ ನಡೆದ ಅಪರಾಧಗಳಿಗೆ ಇನ್ನೂ ಹಳೆ ಕಾನೂನೇ ಅನ್ವಯ. ಆ ಕೇಸುಗಳು ಕೋರ್ಟಿನಲ್ಲಿ ಎಷ್ಟೋ ವರ್ಷ ನಡೆಯುತ್ತವೆ. ಹೊಸದಾಗಿ ಕೋಟು ಹಾಕಿದ ವಕೀಲರು ಈಗಲೂ ಬಂದು ಹಳೆ ಕಾನೂನಿನ ವ್ಯಾಖ್ಯಾನದ ಪುಸ್ತಕಗಳನ್ನು ಕೇಳಿ ತಗೊಂಡು ಹೋಗುತ್ತಾರೆ.

ಪಠ್ಯಪುಸ್ತಕಕ್ಕೆ ನನ್ನ ರೇಟು ಗೋಡೆಯ ಮೇಲೇ ಬರೆದಿದೆ. ಮುದ್ರಿತ ಬೆಲೆಯ ಅರ್ಧಕ್ಕೆ ಕೊಡುತ್ತೇನೆ. ಪರೀಕ್ಷೆ ಮುಗಿದ ಮೇಲೆ ಹರಿಯದೆ ವಾಪಸ್ ತಂದರೆ ಕಾಲು ಬೆಲೆ ಕೊಡುತ್ತೇನೆ. ಪಾವಗಡ, ಶಿರಾ, ಮಧುಗಿರಿ ಕಡೆಯಿಂದ ಬಂದು ರೂಮು ಮಾಡಿಕೊಂಡು ಓದುವ ಹುಡುಗರು ಹುಡುಗಿಯರು ಇಲ್ಲಿ ಜಾಸ್ತಿ. ಎಫ್‌ಡಿಎ, ಪಿಡಿಒ, ಪಿಎಸ್‌ಐ ಅಂತ ಒಂದಾದ ಮೇಲೊಂದು ಸರ್ಕಾರಿ ಕೆಲಸದ ಪರೀಕ್ಷೆ ಬರೆಯುತ್ತಾರೆ. ಅವರಿಗೆ ಇಸವಿ ಮುಖ್ಯ. ಕರ್ನಾಟಕದ ಇತಿಹಾಸ, ವ್ಯಾಕರಣ, ಮಾನಸಿಕ ಸಾಮರ್ಥ್ಯದ ಪುಸ್ತಕ ನಾಲ್ಕು ವರ್ಷ ಹಳೆಯದಾದರೂ ನಡೆಯುತ್ತದೆ. ಪ್ರಚಲಿತ ಘಟನೆಗಳ ಪುಸ್ತಕಕ್ಕೆ ಒಂದು ವರ್ಷವಾದರೆ ಅದನ್ನು ನಾನು ಮಾರುವುದಿಲ್ಲ, ಕೇಳಿದರೂ ಕೊಡುವುದಿಲ್ಲ. ಆ ದುಡ್ಡಿಗೆ ಅವರು ಎರಡು ಹೊತ್ತು ಊಟ ಮಾಡುತ್ತಾರೆ.

"ಅವೆನ್ಯೂ ರೋಡಲ್ಲಿ ಇನ್ನೂ ಕಮ್ಮಿಗೆ ಕೊಡ್ತಾರೆ ಅಣ್ಣ" ಅನ್ನುವವರೂ ಇದ್ದಾರೆ. ನಿಜ, ಬೆಂಗಳೂರಿನಲ್ಲಿ ರಾಶಿ ದೊಡ್ಡದು. ಆದರೆ ಹೋಗಿ ಬರಲು ನೂರ ನಲವತ್ತು ಕಿಲೋಮೀಟರ್ ದಾರಿ, ಒಂದು ದಿನದ ಕೆಲಸ. ಅದನ್ನು ಲೆಕ್ಕ ಹಾಕಿ ಅಂತ ಹೇಳಿ ಸುಮ್ಮನಾಗುತ್ತೇನೆ.

ನಾನು ತುಂಬಾ ಹೊತ್ತು ಕೊಡುವ ಕೆಲಸ ಅಂದರೆ ಮನೆಗಳಿಗೆ ಹೋಗಿ ಪುಸ್ತಕ ಕೊಳ್ಳುವುದು. ಸಾಮಾನ್ಯವಾಗಿ ಅದು ಮೇಷ್ಟ್ರ ಮನೆಯೇ ಆಗಿರುತ್ತದೆ. ಎಸ್.ಎಸ್. ಪುರಂ, ಕ್ಯಾತ್ಸಂದ್ರ, ಗುಬ್ಬಿ, ತಿಪಟೂರು ಕಡೆಯಿಂದ ಫೋನ್ ಬರುತ್ತದೆ. ಓದುತ್ತಿದ್ದ ಹಿರಿಯರು ತೀರಿಕೊಂಡಿರುತ್ತಾರೆ. ಮಕ್ಕಳು ಬೇರೆ ಊರಿನಲ್ಲಿರುತ್ತಾರೆ. ಮನೆ ಖಾಲಿ ಮಾಡಬೇಕು. "ಅಣ್ಣ, ಎಲ್ಲಾ ಒಂದೇ ಸಲ ತಗೊಂಡು ಹೋಗ್ಬಿಡಿ" ಅನ್ನುತ್ತಾರೆ. ನಾನು ಮೊದಲನೇ ದಿನ ಒಂದು ಪುಸ್ತಕವನ್ನೂ ಎತ್ತುವುದಿಲ್ಲ. ನೋಡುತ್ತೇನೆ, ಮಾತಾಡುತ್ತೇನೆ, ನಿಮಗೆ ಬೇಕಾದ್ದನ್ನು ತೆಗೆದಿಟ್ಟುಕೊಳ್ಳಿ ಅಂತ ಹೇಳಿ ಬರುತ್ತೇನೆ. ಒಂದು ಮನೆಯಲ್ಲಿ ಮಗ ಅಷ್ಟನ್ನೂ ಕೊಡಲು ಒಪ್ಪಿದ್ದರು. ಮಾರನೇ ದಿನ ಹೋದಾಗ ಅವರ ತಾಯಿ ರಟ್ಟು ಕಿತ್ತುಹೋದ ಒಂದು ಮಹಾಭಾರತವನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದರು. "ಇದೊಂದು ಇರ್ಲಿ ಕಣಪ್ಪ, ಸಂಜೆ ಹೊತ್ತು ಅವ್ರು ಇದನ್ನೇ ಓದಿ ಹೇಳ್ತಿದ್ದುದು" ಅಂದರು. ಅದನ್ನು ತಂದು ಚೆನ್ನಾಗಿ ಹೊಲಿದು, ಹೊಸ ರಟ್ಟು ಹಾಕಿ ಅವರಿಗೇ ಕೊಟ್ಟು ಬಂದೆ.

ಮನೆಯಿಂದ ತಂದ ಪ್ರತಿ ಪುಸ್ತಕವನ್ನೂ ಪುಟ ಪುಟ ತಿರುವಿ ನೋಡಿಯೇ ಕಪಾಟಿಗೆ ಇಡುತ್ತೇನೆ. ಒಳಗೆ ಏನೇನೋ ಇರುತ್ತವೆ. ಜಾತಕ, ಅಂಚೆ ಕಾರ್ಡು, ಮದುವೆ ಫೋಟೊ, ಪಹಣಿ, ಮಡಚಿಟ್ಟ ನೋಟು. ಅವೆಲ್ಲ ಕವರಿನಲ್ಲಿ ಹಾಕಿ ಆ ಮನೆಗೇ ವಾಪಸ್. ಪುಸ್ತಕದ ಮೊದಲ ಪುಟದ ಸಹಿ, "ಚಿ. ಸೌ.ಗೆ ಪ್ರೀತಿಯಿಂದ" ಅಂತ ಬರೆದದ್ದು ಮಾತ್ರ ಹಾಗೇ ಬಿಡುತ್ತೇನೆ. ಅಳಿಸಿದರೆ ಕಾಗದ ಹಾಳು. ಓದುವವರಿಗೂ ಅದು ಇಷ್ಟ.

ಹೀಗೆ ಬಂದ ರಾಶಿಯಲ್ಲಿ ನನಗೆ ಅತಿ ಪ್ರೀತಿಯದ್ದು ಮನೆಯಲ್ಲೇ ಬೈಂಡ್ ಮಾಡಿಸಿದ ಧಾರಾವಾಹಿಗಳು. 'ಸುಧಾ' 1965ರಲ್ಲಿ ಶುರುವಾಯಿತು, 'ಮಯೂರ' 1968ರಲ್ಲಿ. ವಾರ ವಾರವೋ ತಿಂಗಳು ತಿಂಗಳೋ ಬಂದ ಕಂತುಗಳನ್ನು ಹೆಂಗಸರು ಜೋಪಾನವಾಗಿ ಕತ್ತರಿಸಿ, ಜೋಡಿಸಿ, ಹೊಲಿಸಿ ಇಟ್ಟಿರುತ್ತಾರೆ. ಮುಂದೆ ಅದೇ ಕಾದಂಬರಿ ಪುಸ್ತಕವಾಗಿ ಬಂದಾಗ ಪತ್ರಿಕೆಯ ಚಿತ್ರಗಳು ಎಷ್ಟೋ ಸಲ ಇರುವುದಿಲ್ಲ. ಗುಜರಿಯವರಿಗೆ ಇದು ಬರೀ ರದ್ದಿ. ಒಂದು ಕಂತೂ ತಪ್ಪದೆ ಕೂಡಿಸಿದ ಆ ಕೈಗಳ ಶ್ರಮ ನೋಡಿದರೆ ತೂಕಕ್ಕೆ ಹಾಕುವ ಮನಸ್ಸು ನನಗಂತೂ ಬರುವುದಿಲ್ಲ.

ಗುಜರಿ ಅಂಗಡಿಗಳಿಗೂ ಹೋಗುತ್ತೇನೆ. ಕೆಜಿ ಲೆಕ್ಕದಲ್ಲಿ ಅವರು ಕೊಂಡದ್ದರ ಮೇಲೆ ಸ್ವಲ್ಪ ಜಾಸ್ತಿ ಕೊಟ್ಟು ಆರಿಸಿಕೊಳ್ಳುತ್ತೇನೆ. ಕೆಲವನ್ನು ಮಾತ್ರ ಎಲ್ಲಿ ಸಿಕ್ಕರೂ ಮುಟ್ಟುವುದಿಲ್ಲ. ಗ್ರಂಥಾಲಯದ ಮುದ್ರೆ ಇದ್ದು, ವಜಾ ಮಾಡಿದ ಮುದ್ರೆ ಇಲ್ಲದ ಪುಸ್ತಕ ಬೇಡ. ಸರ್ಕಾರಿ ಶಾಲೆಯ ಮಕ್ಕಳಿಗೆ ಉಚಿತವಾಗಿ ಕೊಟ್ಟ ಪಠ್ಯ ಬೇಡ. ಇಂಗ್ಲಿಷ್‌ನ ಜನಪ್ರಿಯ ಪುಸ್ತಕಗಳ ಕಳ್ಳ ಮುದ್ರಣವೂ ಬೇಡ. ತೆಳು ಕಾಗದ, ಮಸುಕು ಅಕ್ಷರ, ಓರೆಯಾಗಿ ಕತ್ತರಿಸಿದ ಅಂಚು ನೋಡಿದರೆ ಕಳ್ಳ ಮುದ್ರಣ ಗೊತ್ತಾಗುತ್ತದೆ. ಬರೆದವರಿಗೆ ಅದರಿಂದ ಒಂದು ಪೈಸೆಯೂ ಹೋಗುವುದಿಲ್ಲ.

ಸಾಹಿತ್ಯದ ಪುಸ್ತಕಕ್ಕೆ ಬೆಲೆ ಕಟ್ಟುವಾಗ ಜಗಳ ಬರುವುದು ಒಂದೇ ಕಡೆ. ಪುಸ್ತಕದ ಮೇಲೆ 6 ರೂಪಾಯಿ ಅಂತ ಅಚ್ಚಾಗಿರುತ್ತದೆ, ನಾನು 80 ಕೇಳುತ್ತೇನೆ. ಆಗ ಕೂರಿಸಿ ವಿವರಿಸುತ್ತೇನೆ. ಅದೇ ಪುಸ್ತಕ ಈಗ ಹೊಸದಾಗಿ ಸಿಗುತ್ತದಾ ಅಂತ ಮೊದಲು ನೋಡುತ್ತೇನೆ. ಸಿಗುವುದಾದರೆ ಹೊಸ ಬೆಲೆಯ ಅರ್ಧ. ಅಕಾಡೆಮಿಯದ್ದೋ ಪುಸ್ತಕ ಪ್ರಾಧಿಕಾರದ್ದೋ ಆದರೆ ಅವರು ಕೊಡುವ ರಿಯಾಯಿತಿ ಬೆಲೆಗಿಂತ ಕೆಳಗೆ ಇರಬೇಕು, ಇಲ್ಲದಿದ್ದರೆ ಗಿರಾಕಿಗೆ ಅನ್ಯಾಯ. ಎಲ್ಲೂ ಸಿಗದ ಪುಸ್ತಕವಾದರೆ ಅದರ ಸ್ಥಿತಿ ನೋಡಿ, ಎಷ್ಟು ಜನ ಕೇಳಿದ್ದಾರೆ ನೋಡಿ ಹಾಕುತ್ತೇನೆ. ಬೆಲೆಯನ್ನು ಒಳಪುಟದ ಮೂಲೆಯಲ್ಲಿ ಪೆನ್ಸಿಲ್‌ನಲ್ಲೇ ಬರೆಯಬೇಕು. ಸ್ಟಿಕ್ಕರ್ ಅಂಟಿಸಿದರೆ ಕೀಳುವಾಗ ಹಳೆ ಕಾಗದದ ಸಿಪ್ಪೆ ಎದ್ದು ಬರುತ್ತದೆ.

ರಿಪೇರಿ ನಾನೇ ಮಾಡುತ್ತೇನೆ, ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ. ಮೈದಾ ಹಿಟ್ಟನ್ನು ನೀರಲ್ಲಿ ಗಂಟಿಲ್ಲದೆ ಕಲಸಿ, ಸಣ್ಣ ಉರಿಯಲ್ಲಿ ಕಾಯಿಸಿ ಅಂಟು ಮಾಡಿಕೊಳ್ಳಬೇಕು. ಅದಕ್ಕೆ ಚಿಟಿಕೆ ಮೈಲುತುತ್ತ. ಬರೀ ಮೈದಾ ಆದರೆ ಹುಳ ಅದನ್ನೇ ಹುಡುಕಿಕೊಂಡು ಬರುತ್ತದೆ. ತುತ್ತ ವಿಷ, ಕೈ ಚೆನ್ನಾಗಿ ತೊಳೆಯಬೇಕು, ಮಕ್ಕಳ ಕೈಗೆ ಸಿಗುವಂತೆ ಇಡಬಾರದು. ಪಿನ್ ಹೊಡೆದ ಪುಸ್ತಕದಲ್ಲಿ ಪಿನ್ ತುಕ್ಕು ಹಿಡಿದು ಸುತ್ತಲಿನ ಕಾಗದ ತಿನ್ನುತ್ತದೆ. ಅದನ್ನು ನಿಧಾನವಾಗಿ ಬಿಡಿಸಿ, ಅದೇ ತೂತಿನಲ್ಲಿ ನೂಲು ಹಾಕಿ ಹೊಲಿಯುತ್ತೇನೆ. ದಯವಿಟ್ಟು ಯಾರೂ ಹರಿದ ಪುಟಕ್ಕೆ ಸೆಲ್ಲೋಟೇಪ್ ಹಾಕಬೇಡಿ. ಕೆಲವು ವರ್ಷಕ್ಕೆ ಟೇಪ್ ಉದುರುತ್ತದೆ, ಅಂಟು ಹಳದಿಯಾಗಿ ಅಕ್ಷರದ ಮೇಲೇ ಉಳಿಯುತ್ತದೆ. ತೆಳು ಟಿಶ್ಯೂ ಕಾಗದ ಮತ್ತು ಮೈದಾ ಅಂಟು ಸಾಕು.

ನಮ್ಮ ಊರಿನಲ್ಲಿ ಮಳೆಗಿಂತ ಧೂಳಿನ ಕಾಟ ಜಾಸ್ತಿ. ದಿನಾ ಬೆಳಗ್ಗೆ ಒಣ ಬಟ್ಟೆಯಲ್ಲಿ ಒಂದು ಸಾಲು ಕಪಾಟು ಒರೆಸಿಯೇ ಬೋಣಿಗೆ ಕೂರುವುದು. ಗೆದ್ದಲು ಗೋಡೆಯಿಂದ ಬರುತ್ತದೆ. ಅದಕ್ಕೆ ಕಪಾಟು ಗೋಡೆಗೆ ತಾಗದಂತೆ ನಾಲ್ಕು ಬೆರಳು ಜಾಗ ಬಿಟ್ಟಿದ್ದೇನೆ. ಬಜೆ ಬೇರು, ಒಣಗಿದ ಬೇವಿನ ಸೊಪ್ಪು ಬಟ್ಟೆಯಲ್ಲಿ ಕಟ್ಟಿ ಹಿಂದೆ ಇಡುತ್ತೇನೆ. ನೆನೆದ ಪುಸ್ತಕವನ್ನು ಬಿಸಿಲಿಗೆ ಹಾಕಿದರೆ ರಟ್ಟು ಸೊಟ್ಟಗಾಗುತ್ತದೆ. ಪುಟಗಳ ನಡುವೆ ಪೇಪರ್ ಇಟ್ಟು, ನಿಲ್ಲಿಸಿ, ಫ್ಯಾನ್ ಗಾಳಿಯಲ್ಲಿ ಆರಿಸಬೇಕು.

ಬೇರೆ ಊರಿನವರಿಗೆ ವಾಟ್ಸಾಪ್ ಸ್ಟೇಟಸ್‌ನಲ್ಲಿ ಫೋಟೊ ಹಾಕಿ ಕಳಿಸುತ್ತೇನೆ. ಹರಿದ ಪುಟ, ಗೆರೆ ಎಳೆದ ಪುಟದ ಫೋಟೊ ಮೊದಲು. ಅಂಚೆಯವರು ಕಡಿಮೆ ದರದಲ್ಲಿ ಪುಸ್ತಕ ಒಯ್ಯುತ್ತಿದ್ದ ರಿಜಿಸ್ಟರ್ಡ್ ಬುಕ್ ಪೋಸ್ಟ್ 2024ರ ಡಿಸೆಂಬರ್‌ನಲ್ಲಿ ನಿಂತಾಗ ಕಷ್ಟವಾಗಿತ್ತು. 60 ರೂಪಾಯಿ ಪುಸ್ತಕಕ್ಕೆ ಅಷ್ಟೇ ಕೊರಿಯರ್ ದುಡ್ಡು ಅಂದರೆ ಯಾರು ತಗೋತಾರೆ? 2025ರ ಮೇ 1ರಿಂದ ಜ್ಞಾನ ಪೋಸ್ಟ್ ಬಂದಿದೆ. 300 ಗ್ರಾಂವರೆಗೆ 20 ರೂಪಾಯಿ, 5 ಕೆಜಿವರೆಗೆ 100 ರೂಪಾಯಿ, ಮೇಲೆ ತೆರಿಗೆ. ನೆಲದ ಮೇಲಿನ ಸಾಗಣೆಯಾದ್ದರಿಂದ ತಡವಾಗುತ್ತದೆ, ಆದರೂ ಎಲ್ಲಿದೆ ಅಂತ ನೋಡಬಹುದು.

ಕೊನೆಗೆ ಒಂದು ವಿಷಯ ಹೇಳಲೇಬೇಕು. ನನ್ನ ಗಲ್ಲಾ ಪಕ್ಕ ಒಂದು ಉದ್ದ ನೋಟ್‌ಬುಕ್ ಇದೆ. ಯಾರು ಯಾವ ಪುಸ್ತಕ ಕೇಳಿದರು, ಅವರ ಫೋನ್ ನಂಬರ್ ಏನು ಅಂತ ಬರೆದಿಡುತ್ತೇನೆ. ಅದರಲ್ಲಿ ಅತಿ ಜಾಸ್ತಿ ಇರುವುದು ಹಳ್ಳಿಗಳಿಂದ ಪೌರಾಣಿಕ ನಾಟಕದ ಪುಸ್ತಕ ಕೇಳಿಕೊಂಡು ಬಂದವರು. ಗುಬ್ಬಿ ನಾಟಕ ಕಂಪನಿ ಹುಟ್ಟಿದ ಸೀಮೆ ಇದು. ಈಗಲೂ ಹಬ್ಬಕ್ಕೋ ಜಾತ್ರೆಗೋ ಊರವರೇ ಬಣ್ಣ ಹಚ್ಚಿ ರಾತ್ರಿಯಿಡೀ ಕುರುಕ್ಷೇತ್ರ ಆಡುತ್ತಾರೆ. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಕಲಿಸುತ್ತಾರೆ. "ದುರ್ಯೋಧನನ ಹಳೇ ಕಂದ ಇರೋ ಪುಸ್ತಕ ಐತಾ ಅಣ್ಣ? ಹೊಸದ್ರಲ್ಲಿ ಅರ್ಧ ಬಿಟ್ಟವ್ರೆ" ಅಂತ ಕೇಳುತ್ತಾರೆ. ಕಂದ ಅಂದರೆ ನಾಟಕದಲ್ಲಿ ಹಾಡುವ ಪದ್ಯ. ಈ ಪುಸ್ತಕಗಳು ಅಗ್ಗದ ಕಾಗದದಲ್ಲಿ ಅಚ್ಚಾದವು. ಮುಟ್ಟಿದರೆ ಪುಡಿಯಾಗುತ್ತವೆ. ತಾಲೀಮಿನಲ್ಲಿ ಹತ್ತು ಕೈ ದಾಟಿ, ಬೆವರು, ಎಣ್ಣೆ ಅಂಟಿ, ಅಂಚಿನಲ್ಲಿ ಯಾವ ಪದ್ಯ ಯಾವ ರಾಗ ಅಂತ ಮೇಷ್ಟ್ರು ಗೀಚಿದ್ದೆಲ್ಲ ಇರುತ್ತದೆ. ಆ ಗೀಚಿದ್ದೇ ಅವರಿಗೆ ಬೇಕಾದದ್ದು. ಗ್ರಂಥಾಲಯಗಳಲ್ಲಿ ಇಂಥವು ಸಿಗುವುದು ಅಪರೂಪ. ಬಂದರೆ ನೋಟ್‌ಬುಕ್‌ನಲ್ಲಿ ಮೊದಲು ಹೆಸರು ಬರೆಸಿದವರಿಗೆ ಮೊದಲು ಫೋನ್. ಅವರು ಬೇಡ ಅಂದರೆ ಮುಂದಿನವರಿಗೆ. ನಿಮ್ಮ ಮನೆಯ ಅಟ್ಟದಲ್ಲಿ ತಾತನ ಕಾಲದ ನಾಟಕದ ಪುಸ್ತಕ ಇದ್ದರೆ, ಎಷ್ಟೇ ಹರಿದಿರಲಿ, ತೂಕಕ್ಕೆ ಹಾಕುವ ಮೊದಲು ಹತ್ತಿರದ ಯಾವುದಾದರೂ ಹಳೆ ಪುಸ್ತಕದ ಅಂಗಡಿಗೆ ಒಮ್ಮೆ ತೋರಿಸಿ.