ಡಾಕ್ಟರಾಗುತ್ತಿರುವ ನಿಮಗೂ ಒಬ್ಬ ಡಾಕ್ಟರ್ ಬೇಕು: ಹುಡುಕಿಕೊಳ್ಳುವುದು ಹೇಗೆ?

ವಾರ್ಡಿಗೆ ಹೊಸ ರೋಗಿ ಬಂದರೆ ನೀವು ಮೊದಲು ಕೇಸ್ ಶೀಟ್ ತೆಗೆಯುತ್ತೀರಿ. ಏನು ತೊಂದರೆ, ಎಷ್ಟು ದಿನದಿಂದ, ನಿದ್ದೆ ಹೇಗಿದೆ, ಹಸಿವು ಹೇಗಿದೆ, ಬೀಡಿ ಸಿಗರೇಟು ಕುಡಿತ ಏನಾದರೂ ಇದೆಯಾ ಅಂತ ಒಂದೊಂದೇ ಕೇಳಿ ಬರೆಯುತ್ತೀರಿ. ದಿನಕ್ಕೆ ಇಪ್ಪತ್ತು ಜನರಿಗೆ ಕೇಳುತ್ತಿದ್ದ ಈ ಪ್ರಶ್ನೆಗಳನ್ನು ಪಿಜಿ (ಎಂಬಿಬಿಎಸ್ ನಂತರದ ಸ್ನಾತಕೋತ್ತರ ಓದು) ಮೊದಲ ವರ್ಷದಲ್ಲಿ ನಾನು ನನಗೆ ಒಂದು ಸಲವೂ ಕೇಳಿಕೊಂಡಿರಲಿಲ್ಲ. ನಾಲ್ಕನೇ ತಿಂಗಳು, ಬೆಳಗಿನ ಜಾವ ಐದು ಗಂಟೆ. ರೌಂಡ್ಸಿಗೆ ಮುಂಚೆ ಎಲ್ಲರ ಬ್ಲಡ್ ತೆಗೆದು ಲ್ಯಾಬಿಗೆ ಕಳಿಸಬೇಕಿತ್ತು. ಟ್ಯೂಬಿನ ಮೇಲೆ ಹೆಸರು ಬರೆಯಲು ಹೋದರೆ ಎದುರಿಗಿದ್ದವರ ಹೆಸರು ನೆನಪಾಗಲಿಲ್ಲ. ಕೇಸ್ ಶೀಟ್ ಕೈಯಲ್ಲೇ ಇತ್ತು, ಓದಿದರೂ ತಲೆಗೆ ಹೋಗಲಿಲ್ಲ. ಅಲ್ಲೇ ನಿಂತು ಅತ್ತುಬಿಟ್ಟೆ. ನೈಟ್ ಡ್ಯೂಟಿ ಸಿಸ್ಟರ್ ಬಂದು ಟ್ರೇ ಇಸಿದುಕೊಂಡು, "ನೀವು ಹೋಗಿ ಸ್ವಲ್ಪ ಮಲಗಿ ಮೇಡಂ, ಮಿಕ್ಕಿದ್ದು ನಾನು ತೆಗೀತೀನಿ" ಅಂದರು.

ಇದಾದ ಎರಡು ವಾರಕ್ಕೆ ಬೇರೆ ಊರಿನ ಸೈಕಿಯಾಟ್ರಿಸ್ಟ್ ಒಬ್ಬರ ಹತ್ತಿರ ಹೋದೆ. ಆ ಎರಡು ವಾರವನ್ನು ಎರಡು ದಿನಕ್ಕೆ ಇಳಿಸುವುದು ಹೇಗೆ ಅಂತ ಹೇಳಿಕೊಡಲು ಇದನ್ನು ಬರೆಯುತ್ತಿದ್ದೇನೆ.

ರಾಷ್ಟ್ರೀಯ ವೈದ್ಯಕೀಯ ಆಯೋಗ ವೈದ್ಯ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯಕ್ಕೆಂದೇ ಒಂದು ಕಾರ್ಯಪಡೆ ಮಾಡಿತ್ತು. ನಮ್ಮ ನಿಮ್ಹಾನ್ಸಿನ ಡಾ. ಸುರೇಶ್ ಬಡಾ ಮಠ ಅದರ ಅಧ್ಯಕ್ಷರು. 2024ರಲ್ಲಿ ವರದಿ ಬಂತು. ಆನ್‌ಲೈನ್ ಸಮೀಕ್ಷೆಗೆ 25,590 ಎಂಬಿಬಿಎಸ್ ವಿದ್ಯಾರ್ಥಿಗಳು, 5,337 ಪಿಜಿಗಳು ಉತ್ತರ ಕೊಟ್ಟಿದ್ದರು. ಸಾಯುವ ಯೋಚನೆ ಬಂದಿತ್ತು ಎಂದವರು ಎಂಬಿಬಿಎಸ್‌ನಲ್ಲಿ ಶೇ 16.2, ಪಿಜಿಗಳಲ್ಲಿ ಶೇ 31.2. ತಾವಾಗಿ ಮುಂದೆ ಬಂದು ಉತ್ತರಿಸಿದವರ ಲೆಕ್ಕ ಇದು, ಎಲ್ಲರ ಲೆಕ್ಕ ಅಲ್ಲ. ಆದರೂ ಹತ್ತು ಪಿಜಿಗಳಲ್ಲಿ ಮೂವರು ಅಂದರೆ, ನಿಮ್ಮ ಯೂನಿಟ್ಟಿನ ರೋಸ್ಟರ್ (ಡ್ಯೂಟಿ ಪಟ್ಟಿ) ತೆಗೆದು ಹೆಸರುಗಳನ್ನು ಒಮ್ಮೆ ನೋಡಿ.

ಅಂಥ ಯೋಚನೆ ಈಗಲೇ ಇದ್ದರೆ

ಮುಂದೆ ಓದುವುದು ಬೇಡ, ಆಮೇಲೆ ಓದಿ. ಒಬ್ಬರೇ ಇರಬೇಡಿ. ರೂಮಿನ ಬಾಗಿಲು ತೆಗೆದು ಪಕ್ಕದ ರೂಮಿಗೆ ಹೋಗಿ, "ನನಗೆ ಸಾಯಬೇಕು ಅನಿಸುತ್ತಿದೆ, ನನ್ನ ಜೊತೆ ಇರು" ಅಂತ ಇದ್ದದ್ದನ್ನು ಇದ್ದ ಹಾಗೆ ಹೇಳಿ. 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, 24 ಗಂಟೆಯೂ ಇದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಅಪಾಯ ತೀರ ಹತ್ತಿರ ಇದೆ ಅನಿಸಿದರೆ 112, ಇಲ್ಲವೇ ನೇರ ಕ್ಯಾಶುಯಲ್ಟಿ. ಪೊಲೀಸ್ ಕೇಸಾಗುತ್ತದೆ ಅಂತ ಹೆದರಿ ಯಾರೂ ಸುಮ್ಮನಿರಬೇಡಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಸೆಕ್ಷನ್ ಪ್ರಕಾರ, ಆತ್ಮಹತ್ಯೆಗೆ ಪ್ರಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಅವರಿಗೆ ಆರೈಕೆ ಕೊಡುವುದು ಸರ್ಕಾರದ ಕೆಲಸ.

ಬ್ಯಾಚ್‌ಮೇಟ್ ಬಗ್ಗೆ ಅನುಮಾನ ಬಂದರೆ ಸುತ್ತಿ ಬಳಸಿ ಕೇಳಬೇಡಿ. "ಸಾಯೋ ಯೋಚನೆ ಬರ್ತಿದೆಯಾ?" ಅಂತ ನೇರವಾಗಿ ಕೇಳಿ. ಕೇಳಿದರೆ ಇಲ್ಲದ ಯೋಚನೆ ಹುಟ್ಟುವುದಿಲ್ಲ. ಇದನ್ನು ಸೈಕಿಯಾಟ್ರಿ ಪೋಸ್ಟಿಂಗಿನಲ್ಲಿ ನಾವೆಲ್ಲ ಓದಿದ್ದೇವೆ, ಹಾಸ್ಟೆಲ್ಲಿಗೆ ಬಂದ ಮೇಲೆ ಮರೆಯುತ್ತೇವೆ.

ಮೊದಲ ಹೆಜ್ಜೆ: ನಿಮ್ಮ ಕೇಸ್ ಶೀಟ್ ನೀವೇ ಬರೆಯಿರಿ

ಒಂದು ಬಿಳಿ ಹಾಳೆ ಸಾಕು. ತೊಂದರೆಯನ್ನು ನಿಮ್ಮ ಮಾತಿನಲ್ಲಿ, ಮನೆಯ ಕನ್ನಡದಲ್ಲಿ ಬರೆಯಿರಿ. "ಡಿಪ್ರೆಶನ್" ಅಂತ ಬರೆಯಬೇಡಿ. ರೋಗಿ ಬಂದು "ನನಗೆ ಅಕ್ಯೂಟ್ ಗ್ಯಾಸ್ಟ್ರೈಟಿಸ್" ಅಂದರೆ ನೀವು "ಅದಿರಲಿ, ಎಲ್ಲಿ ನೋವು ಹೇಳಿ" ಅನ್ನುತ್ತೀರಿ ಅಲ್ವಾ, ಹಾಗೆ. "ಬೆಳಗ್ಗೆ ಎದ್ದರೆ ಎದೆ ಮೇಲೆ ಕಲ್ಲಿಟ್ಟ ಹಾಗಿರುತ್ತೆ, ಆರು ವಾರದಿಂದ." "ಫೋನ್ ರಿಂಗಾದರೆ ಕೈ ನಡುಗುತ್ತೆ, ಲೇಬರ್ ರೂಂ ಪೋಸ್ಟಿಂಗ್ ಶುರುವಾದಾಗಿನಿಂದ." ಹೀಗೆ.

ಆಮೇಲೆ ಕಳೆದ ಏಳು ದಿನದ ಲೆಕ್ಕ. ಯಾವ ದಿನ ಎಷ್ಟು ಗಂಟೆ ಮಲಗಿದಿರಿ, ಏನು ತಿಂದಿರಿ, ಮೆಸ್ ಮುಚ್ಚಿದ ಮೇಲೆ ಬಂದು ಬಿಸ್ಕತ್ತು ತಿಂದು ಮಲಗಿದ್ದು ಎಷ್ಟು ರಾತ್ರಿ, ಕುಡಿತ ಎಷ್ಟು, ಯಾವ ಮಾತ್ರೆ, ಮನೆಗೆ ಕೊನೆಯ ಸಲ ಫೋನ್ ಮಾಡಿದ್ದು ಯಾವಾಗ. ನನ್ನ ಹಾಳೆಯಲ್ಲಿ ಏಳು ದಿನಕ್ಕೆ ಒಟ್ಟು 29 ಗಂಟೆ ನಿದ್ದೆ ಇತ್ತು. ಬರೆದು ಕೂಡಿಸುವ ತನಕ ನನಗೆ ಅದು ಗೊತ್ತೇ ಇರಲಿಲ್ಲ.

ಖಿನ್ನತೆ ಎಷ್ಟಿದೆ ಅಂತ ಅಳೆಯುವ ಪ್ರಶ್ನಾವಳಿ ಪಿಎಚ್‌ಕ್ಯೂ-9 ನಿಮಗೆ ಗೊತ್ತು. ಕಳೆದ ಎರಡು ವಾರದ ಬಗ್ಗೆ 9 ಪ್ರಶ್ನೆ, ಒಟ್ಟು 27 ಅಂಕ. ಪ್ರಾಮಾಣಿಕವಾಗಿ ತುಂಬಿ. 10 ಅಥವಾ ಜಾಸ್ತಿ ಬಂದರೆ ಡಾಕ್ಟರನ್ನು ನೋಡಬೇಕು. ಒಂಬತ್ತನೇ ಪ್ರಶ್ನೆ ಸಾವಿನ ಯೋಚನೆಯದ್ದು. ಅದಕ್ಕೆ ಸೊನ್ನೆ ಬಿಟ್ಟು ಬೇರೆ ಏನೇ ಬಂದರೂ ಒಟ್ಟು ಅಂಕ ನೋಡುತ್ತಾ ಕೂರಬೇಡಿ, ಅವತ್ತೇ ಯಾರಿಗಾದರೂ ಹೇಳಿ. ಮತ್ತೆ, ಡಯಾಗ್ನೋಸಿಸ್ ಬರೆಯುವ ಜಾಗ ಖಾಲಿ ಬಿಡಿ. ಅದನ್ನು ತುಂಬುವ ಕೆಲಸ ನಿಮ್ಮದಲ್ಲ.

ಕನ್ನಡ ಮಾಧ್ಯಮದಲ್ಲಿ ಓದಿ, ನೀಟ್ ಬರೆದು, ಮೊದಲ ವರ್ಷದ ಎಂಬಿಬಿಎಸ್‌ಗೆ ಬಂದವರಿಗೆ ಒಂದು ಮಾತು. ಅನಾಟಮಿ ಲೆಕ್ಚರಿನಲ್ಲಿ ಪಾಠಕ್ಕಿಂತ ಮೊದಲು ಇಂಗ್ಲಿಷನ್ನು ಅರ್ಥ ಮಾಡಿಕೊಳ್ಳಬೇಕಾಗಿ ಬರುತ್ತದೆ, ಅಷ್ಟರಲ್ಲಿ ಮೇಷ್ಟ್ರು ಮುಂದಿನ ಮಾಂಸಖಂಡಕ್ಕೆ ಹೋಗಿರುತ್ತಾರೆ, ಪಕ್ಕದವರೆಲ್ಲ ಬರೆದುಕೊಳ್ಳುತ್ತಿರುತ್ತಾರೆ, ನಿಮಗೆ ಮಾತ್ರ ನಾನು ಇಲ್ಲಿಗೆ ಬರಲೇಬಾರದಿತ್ತು ಅನಿಸುತ್ತದೆ. ಇದನ್ನೂ ಹಾಳೆಯಲ್ಲಿ ಬರೆಯಿರಿ. "ಪಾಠ ಅರ್ಥವಾಗುತ್ತಿಲ್ಲ, ಕೇಳಲು ನಾಚಿಕೆ" ಅನ್ನುವುದು ನಿಜವಾದ ತೊಂದರೆ. ಅದಕ್ಕೆ ಮದ್ದೂ ಇದೆ: ನಿಮ್ಮ ಹಾಗೆಯೇ ಬಂದು ಈಗ ಮೂರನೇ ವರ್ಷದಲ್ಲಿರುವ ಸೀನಿಯರ್ ಒಬ್ಬರನ್ನು ಹುಡುಕಿ ದಿನಕ್ಕೆ ಅರ್ಧ ಗಂಟೆ ಹೇಳಿಸಿಕೊಳ್ಳುವುದು.

ಎರಡನೆಯದು: ಬೈಕ್ ಕೀ ಬಿಡಿ, ಮಲಗಿ

17 ಗಂಟೆ ಎಚ್ಚರ ಇದ್ದವರ ಕೈ, ಕಣ್ಣು, ತಲೆ ರಕ್ತದಲ್ಲಿ ಶೇ 0.05 ಆಲ್ಕೋಹಾಲ್ ಇದ್ದವರ ಹಾಗೆ ಕೆಲಸ ಮಾಡುತ್ತವೆ ಅಂತ 1997ರಲ್ಲೇ ಒಂದು ಅಧ್ಯಯನ ತೋರಿಸಿತ್ತು. 24 ಗಂಟೆಯಾದರೆ ಸುಮಾರು ಶೇ 0.10. ನಮ್ಮ ದೇಶದಲ್ಲಿ ಗಾಡಿ ಓಡಿಸುವವರಿಗೆ ಕಾನೂನಿನ ಮಿತಿ ಶೇ 0.03. ಅಂದರೆ ನೈಟ್ ಮುಗಿಸಿ, ಓಪಿಡಿಯನ್ನೂ ಮುಗಿಸಿ ಸ್ಕೂಟರ್ ಹತ್ತುವ ಹೌಸ್ ಸರ್ಜನ್ (ಇಂಟರ್ನ್) ಒಂದು ತೊಟ್ಟೂ ಕುಡಿಯದೆ ಮಿತಿ ದಾಟಿರುತ್ತಾರೆ. ಆಟೋ ಹಿಡಿಯಿರಿ. ಇಲ್ಲವೇ ಡ್ಯೂಟಿ ರೂಮಿನಲ್ಲೇ ಮಲಗಿ ಎದ್ದು ಹೋಗಿ. ಕಾಫಿ ದೇಹದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು 5 ಗಂಟೆ ಬೇಕು, ಆದ್ದರಿಂದ ಬೆಳಗಿನ ಜಾವದ ಕಪ್ ಬೆಳಗ್ಗೆ ಹತ್ತು ಗಂಟೆಗೆ ಮಲಗಲು ಹೋದಾಗಲೂ ಅಡ್ಡ ಬರುತ್ತದೆ. ನೈಟ್ ಡ್ಯೂಟಿಯಲ್ಲಿ ಕೊನೆಯ ಕಾಫಿ ರಾತ್ರಿ ಮೂರು ಗಂಟೆಯೊಳಗೆ ಮುಗಿಯಲಿ.

ಬ್ಯಾಚ್‌ಮೇಟ್ ಜೊತೆ ಒಂದು ಡ್ಯೂಟಿ ಬದಲಿಸಿಕೊಂಡು ಎರಡು ರಾತ್ರಿ ಪೂರ್ತಿ ನಿದ್ದೆ ಮಾಡಿ ನೋಡಿ. ಎದೆಯ ಕಲ್ಲು ಇಳಿದರೆ ಅದು ದಣಿವು. ನಿದ್ದೆ ಮಾಡಿದ ಮೇಲೂ ಹಾಗೇ ಇದ್ದರೆ, ಅಥವಾ ಸಮಯ ಸಿಕ್ಕಿದರೂ ನಿದ್ದೆಯೇ ಬರದಿದ್ದರೆ, ಡಾಕ್ಟರ್ ಬೇಕು.

ಮೂರನೆಯದು: ನಿಮಗೆ ನೀವೇ ಮಾತ್ರೆ ಬರೆದುಕೊಳ್ಳಬೇಡಿ

ನಾನು ಬರೆದುಕೊಂಡಿದ್ದೆ. ಆಲ್ಪ್ರಜೋಲಾಮ್, ಆತಂಕ ಇಳಿಸಿ ನಿದ್ದೆ ತರಿಸುವ ಮಾತ್ರೆ. ಆಸ್ಪತ್ರೆ ಎದುರಿನ ಮೆಡಿಕಲ್ ಸ್ಟೋರಿನಲ್ಲಿ ನಮ್ಮ ಮುಖ ಪರಿಚಯ ಇರುತ್ತದೆ, ಕೇಳಿದರೆ ಕೊಟ್ಟುಬಿಡುತ್ತಾರೆ. ಮೊದಲ ವಾರ ನಿದ್ದೆ ಬಂತು. ಮೂರನೇ ವಾರಕ್ಕೆ ಒಂದಿದ್ದದ್ದು ಎರಡಾಗಿತ್ತು, ಇಲ್ಲದ ರಾತ್ರಿ ಬೆವರು, ನಡುಕ. ಇದು ಅಂಟಿಕೊಳ್ಳುವ ಮಾತ್ರೆ ಅಂತ ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದಿದ್ದೆ, ಆದರೂ ತೆಗೆದುಕೊಂಡೆ.

ಎಸಿಟಲೋಪ್ರಾಮ್ ತರಹದ ಖಿನ್ನತೆಯ ಮಾತ್ರೆಗಳದ್ದು ಬೇರೆ ಕಥೆ. ಅವು ಆಲ್ಪ್ರಜೋಲಾಮ್ ಹಾಗೆ ಚಟ ಹಿಡಿಸುವುದಿಲ್ಲ. ಆದರೆ ಕೆಲಸ ಶುರುಮಾಡಲು ಎರಡರಿಂದ ನಾಲ್ಕು ವಾರ ಬೇಕು. ಮೊದಲ ದಿನಗಳಲ್ಲಿ ವಾಕರಿಕೆ, ಚಡಪಡಿಕೆ ಬರಬಹುದು. 25 ವರ್ಷದೊಳಗಿನವರಲ್ಲಿ ಶುರುವಿನ ವಾರಗಳಲ್ಲಿ ಸಾವಿನ ಯೋಚನೆ ಜಾಸ್ತಿಯಾಗುತ್ತಿದೆಯಾ ಅಂತ ಇನ್ನೊಬ್ಬರು ಗಮನಿಸಬೇಕು. ನಿಮ್ಮನ್ನು ನೀವೇ ಗಮನಿಸಲು ಆಗುವುದಿಲ್ಲ. ಯಾವಾಗ ನಿಲ್ಲಿಸಬೇಕು ಅನ್ನುವುದನ್ನೂ ಆ ಡಾಕ್ಟರೇ ಹೇಳಬೇಕು, ಸ್ವಲ್ಪ ಚೆನ್ನಾಗಿದೆ ಅನಿಸಿದ ದಿನ ನೀವಾಗಿ ಬಿಡುವುದಲ್ಲ.

ವೈದ್ಯರ ಪ್ರತಿಜ್ಞೆಯಾದ ಜಿನೀವಾ ಘೋಷಣೆಗೆ 2017ರಲ್ಲಿ ಒಂದು ಸಾಲು ಸೇರಿತು: ಒಳ್ಳೆಯ ಚಿಕಿತ್ಸೆ ಕೊಡಲು ನನ್ನ ಸ್ವಂತ ಆರೋಗ್ಯವನ್ನೂ ನೋಡಿಕೊಳ್ಳುತ್ತೇನೆ ಅಂತ. ನಮ್ಮ ಬ್ಯಾಚಿನಲ್ಲಿ ಯಾರೂ ಈ ಸಾಲನ್ನು ಓದಿ ಹೇಳಲಿಲ್ಲ. ಈಗಿನವರಿಗೆ ಜೋರಾಗಿ ಓದಿ ಹೇಳಬೇಕು.

ನಾಲ್ಕನೆಯದು: ಎಲ್ಲಿಗೆ ಹೋಗುವುದು

ಎಲ್ಲರೂ ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ನಿಮ್ಮ ಕಾಲೇಜಿನಲ್ಲೇ ಸೈಕಿಯಾಟ್ರಿ ಓಪಿಡಿ ಇದೆ, ಎರಡನೇ ಮಹಡಿಯಲ್ಲಿ. ಆದರೆ ಅಲ್ಲಿ ಕೂತಿರುವ ಪಿಜಿ ನಿಮ್ಮ ಹಾಸ್ಟೆಲ್ಲಿನವರು, ಒಳಗಿರುವ ಪ್ರೊಫೆಸರ್ ನಾಳೆ ನಿಮಗೆ ವೈವಾ ತೆಗೆದುಕೊಳ್ಳುವವರು. ಹಾಗಾಗಿ ನನ್ನ ಸಲಹೆ: ಕಾಲೇಜಿನವರ ಮೇಲೆ ನಂಬಿಕೆ ಇದ್ದರೆ ಅಲ್ಲೇ ಹೋಗಿ, ಬೇಗ ಆಗುತ್ತದೆ. ಮೊದಲೇ ಕೇಳಿ, "ಸರ್, ನನ್ನ ಫೈಲ್ ಎಲ್ಲಿ ಇಡ್ತೀರಿ, ಯಾರು ನೋಡ್ತಾರೆ?" ಅಂತ. ಕೇಳುವ ಹಕ್ಕು ನಿಮಗಿದೆ, ಅದೇ 2017ರ ಕಾಯ್ದೆಯ 23ನೇ ಸೆಕ್ಷನ್ ಗುಟ್ಟು ಕಾಪಾಡಲೇಬೇಕು ಅನ್ನುತ್ತದೆ. ಉತ್ತರ ಸಮಾಧಾನ ಕೊಡದಿದ್ದರೆ ಹೊರಗೆ ಹೋಗಿ.

ಹೊರಗೆ ಅಂದರೆ ಎಲ್ಲರೂ ಬೆಂಗಳೂರಿಗೇ ಬರಬೇಕಿಲ್ಲ. ಉತ್ತರ ಕರ್ನಾಟಕದವರಿಗೆ ಧಾರವಾಡದಲ್ಲಿ ಮಾನಸಿಕ ಆರೋಗ್ಯದ ಆಸ್ಪತ್ರೆ ಡಿಮ್ಹಾನ್ಸ್ ಇದೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಡಾಕ್ಟರುಗಳು ಜಿಲ್ಲೆಗಳಲ್ಲಿ ಸಿಗುತ್ತಾರೆ. ಈ ಕಾರ್ಯಕ್ರಮದ ಮಾದರಿ ಹುಟ್ಟಿದ್ದೇ ನಮ್ಮ ಬಳ್ಳಾರಿಯಲ್ಲಿ. ತಾಲ್ಲೂಕು ಆಸ್ಪತ್ರೆಗಳಿಗೆ ಮನೋಚೈತನ್ಯ ಯೋಜನೆಯಲ್ಲಿ ಮಂಗಳವಾರ ಸೈಕಿಯಾಟ್ರಿಸ್ಟ್ ಬರುವ ವ್ಯವಸ್ಥೆ ಇದೆ, ನಿಮ್ಮ ಕಡೆ ಯಾವಾಗ ಬರುತ್ತಾರೆ ಅಂತ ಫೋನ್ ಮಾಡಿ ಕೇಳಿಕೊಳ್ಳಿ. ಎಲ್ಲಿಗೂ ಹೋಗಲು ಆಗುತ್ತಿಲ್ಲ ಅಂದರೆ 14416 ಇದ್ದೇ ಇದೆ, ರಾತ್ರಿ ಮೂರು ಗಂಟೆಗೆ ಡ್ಯೂಟಿ ರೂಮಿನಿಂದಲೂ ಮಾಡಬಹುದು.

ಹೋದಾಗ ಡಾಕ್ಟರ ಭಾಷೆ ಮಾತಾಡಬೇಡಿ. ಬರೆದ ಹಾಳೆ ಕೊಟ್ಟುಬಿಡಿ. ನಾನು ಅದನ್ನೇ ಮಾಡಿದ್ದು, ಬಾಯಿ ತೆರೆದರೆ ಅಳು ಬರುತ್ತಿತ್ತು.

ಐದನೆಯದು: ರಜೆ ಕೇಳುವುದು

ಪಿಜಿಗಳಿಗೆ 2023ರ ಪಿಜಿ ನಿಯಮಗಳ ಪ್ರಕಾರ ವರ್ಷಕ್ಕೆ 20 ದಿನ ಸಂಬಳ ಸಹಿತ ಕ್ಯಾಶುಯಲ್ ಲೀವ್ ಇದೆ. ಕೆಲಸದ ಒತ್ತಡ ನೋಡಿಕೊಂಡು ವಾರಕ್ಕೊಂದು ರಜೆ ಕೂಡ. ಕಾರ್ಯಪಡೆ ವಾರಕ್ಕೆ 74 ಗಂಟೆಗಿಂತ ಜಾಸ್ತಿ ದುಡಿಸಬೇಡಿ ಅಂತ ಶಿಫಾರಸು ಮಾಡಿದೆ. ನನ್ನ ಅಭಿಪ್ರಾಯದಲ್ಲಿ ಅದೂ ಜಾಸ್ತಿಯೇ. ವಾರ್ಡುಗಳಲ್ಲಿ ಅಷ್ಟಕ್ಕಾದರೂ ಬಂದರೆ ದೊಡ್ಡ ಬದಲಾವಣೆ.

ಅಡ್ಮಿಷನ್ ಡೇ (ನಿಮ್ಮ ಯೂನಿಟ್ಟಿಗೆ ಹೊಸ ರೋಗಿಗಳು ದಾಖಲಾಗುವ ದಿನ) ಬಿಟ್ಟು ಬೇರೆ ದಿನ ಕೇಳಿ. ರೌಂಡ್ಸ್ ಮುಗಿದ ಮೇಲೆ, ವಾರ್ಡಿನಲ್ಲಿ ಅಲ್ಲ, ಯೂನಿಟ್ ಚೀಫ್ ರೂಮಿನಲ್ಲಿ. "ಸರ್, ನನಗೆ ಹುಷಾರಿಲ್ಲ. ಡಾಕ್ಟರಿಗೆ ತೋರಿಸಿದ್ದೇನೆ, ಐದು ದಿನ ರೆಸ್ಟ್ ಹೇಳಿದ್ದಾರೆ. ನನ್ನ ಬೆಡ್‌ಗಳನ್ನು ಹ್ಯಾಂಡ್‌ಓವರ್ ಮಾಡಿದ್ದೇನೆ." ಇಷ್ಟು ಸಾಕು. ಕಾಯಿಲೆಯ ಹೆಸರು ಹೇಳಲೇಬೇಕು ಅಂತಿಲ್ಲ.

ತೊಂದರೆಯ ಮೂಲ ಒಬ್ಬ ಸೀನಿಯರ್ ಆಗಿದ್ದರೆ, ಎಲ್ಲರೆದುರು ಬಯ್ಯುವುದು, ಕೇಸ್ ಶೀಟ್ ಮುಖಕ್ಕೆ ಎಸೆಯುವುದು, ಬೇಕಂತಲೇ ಮೂರು ನೈಟ್ ಸಾಲಾಗಿ ಹಾಕುವುದು ನಡೆಯುತ್ತಿದ್ದರೆ, ಮಾತ್ರೆ ಅದನ್ನು ವಾಸಿ ಮಾಡುವುದಿಲ್ಲ. ತಾರೀಖು, ಸಮಯ, ಯಾರು ನೋಡಿದರು ಎಲ್ಲ ಬರೆದಿಡಿ. ಮೆಡಿಕಲ್ ಕಾಲೇಜುಗಳಿಗೆಂದೇ 2021ರ ರ‍್ಯಾಗಿಂಗ್ ತಡೆ ನಿಯಮಗಳಿವೆ. ರ‍್ಯಾಗಿಂಗ್ ಸಹಾಯವಾಣಿ 1800-180-5522.

ಕೊನೆಯದು: ಎರಡನೇ ಭೇಟಿ

ಮೊದಲ ಸಲ ಹೇಗೋ ಹೋಗಿಬಿಡುತ್ತೇವೆ. ಎರಡನೇ ಸಲ ತಪ್ಪುತ್ತದೆ, ಡ್ಯೂಟಿ ಬಿದ್ದಿರುತ್ತದೆ. ಅದಕ್ಕೆ ಮುಂದಿನ ಭೇಟಿಯ ತಾರೀಖನ್ನು ರೋಸ್ಟರ್ ತಯಾರಾಗುವ ಮುಂಚೆಯೇ ಅದನ್ನು ಹಾಕುವ ಸೀನಿಯರ್‌ಗೆ ಕೊಟ್ಟುಬಿಡಿ. ಮನೆಯವರಿಗೂ ಆ ತಾರೀಖು ಗೊತ್ತಿರಲಿ. ನಮ್ಮಪ್ಪ ಹಿಂದಿನ ರಾತ್ರಿ ಫೋನ್ ಮಾಡಿ "ನಾಳೆ ಹೋಗ್ತೀಯಲ್ಲಮ್ಮ?" ಅಂತ ಮಾತ್ರ ಕೇಳುತ್ತಿದ್ದರು, ಓದಿನ ಸುದ್ದಿ ಎತ್ತುತ್ತಿರಲಿಲ್ಲ.

ಶುರುವಿನಲ್ಲಿ ನಾನು ರೋಸ್ಟರಿನಲ್ಲಿ "ಹಲ್ಲಿನ ಡಾಕ್ಟರ್" ಅಂತ ಬರೆಸುತ್ತಿದ್ದೆ. ಆರನೇ ಸಲಕ್ಕೆ "ಸೈಕಿಯಾಟ್ರಿ" ಅಂತಲೇ ಬರೆಸಿದೆ. ಮಾರನೇ ದಿನ ಜೂನಿಯರ್ ಒಬ್ಬಳು ಡ್ಯೂಟಿ ರೂಮಿಗೆ ಬಂದಳು. ಬಾಗಿಲು ಮುಂದೆ ಮಾಡಿ, "ಮೇಡಂ, ಅವರ ನಂಬರ್ ಕೊಡ್ತೀರಾ?" ಅಂತ ಕೇಳಿದಳು.