ಥರ್ಮಾಮೀಟರ್ ನೀರಿನಲ್ಲಿರಲಿ: ರೇಡಿಯೋಥೆರಪಿ ಯಂತ್ರದ ಔಟ್‌ಪುಟ್ ಅಳೆಯುವ ಕ್ರಮ

ಕ್ಯಾನ್ಸರ್ ಚಿಕಿತ್ಸೆಯ ಲೀನಿಯರ್ ಆಕ್ಸಲರೇಟರ್ ಯಂತ್ರವು ನೂರು ಮಾನಿಟರ್ ಯೂನಿಟ್ (ತಾನು ಕೊಟ್ಟ ವಿಕಿರಣವನ್ನು ಯಂತ್ರ ಎಣಿಸುವ ಏಕಮಾನ) ಕೊಟ್ಟಿದ್ದೇನೆಂದು ಪರದೆಯ ಮೇಲೆ ತೋರಿಸಿದರೆ, ಅಷ್ಟು ವಿಕಿರಣ ನಿಜವಾಗಿಯೂ ರೋಗಿಯ ದೇಹಕ್ಕೆ ತಲುಪಿತೇ ಎಂಬುದಕ್ಕೆ ಆ ಅಂಕಿಯೊಂದೇ ಸಾಕ್ಷಿಯಾಗದು. ಹೊರಗಿನಿಂದ ತಂದ, ಪ್ರಮಾಣೀಕರಿಸಿದ ಅಯಾನ್ ಚೇಂಬರ್ (ವಿಕಿರಣ ಹಾಯ್ದಾಗ ಒಳಗಿನ ಗಾಳಿಯಲ್ಲಿ ಹುಟ್ಟುವ ವಿದ್ಯುದಂಶವನ್ನು ಹಿಡಿಯುವ ಪುಟ್ಟ ಮಾಪಕ) ಒಂದನ್ನು ನೀರಿನಲ್ಲಿ ಮುಳುಗಿಸಿ ಅಳೆದು ನೋಡಿದಾಗ ಮಾತ್ರ ಅದು ಖಚಿತವಾಗುತ್ತದೆ. ರೋಗಿಗೆ ತಲುಪುವ ಡೋಸ್ ಗುರಿಯಿಂದ ಶೇ 5ಕ್ಕಿಂತ ಹೆಚ್ಚು ಆಚೀಚೆ ಆಗಬಾರದು ಎಂಬುದು ದಶಕಗಳಿಂದ ಒಪ್ಪಿತವಾಗಿರುವ ನಿಯಮ. ಚಿಕಿತ್ಸಾ ಯೋಜನೆ, ರೋಗಿಯನ್ನು ಮಲಗಿಸುವ ಭಂಗಿ, ದೇಹದೊಳಗಿನ ಚಲನೆ ಇವೆಲ್ಲವುಗಳ ತಪ್ಪುಗಳೂ ಆ ಐದರೊಳಗೇ ಅಡಗಬೇಕಾಗಿರುವುದರಿಂದ ಯಂತ್ರದ ಮಾಪನಕ್ಕೆ ಉಳಿಯುವ ಪಾಲು ತೀರ ಸಣ್ಣದು.

ಮಂಗಳೂರು, ದೇರಳಕಟ್ಟೆ, ಮಣಿಪಾಲದ ಕಡೆ ಈ ಕೆಲಸವನ್ನು ಕಲಿಯುವವರು ಎಡವುವುದನ್ನು ನಾನು ಮತ್ತೆ ಮತ್ತೆ ಕಂಡಿರುವುದು ಎರಡೇ ಕಡೆ: ನೀರಿನ ತಾಪ ಮತ್ತು ಗಾಳಿಯ ಒತ್ತಡ. ಉಳಿದ ಹಂತಗಳನ್ನು ಯಾವ ಪುಸ್ತಕ ನೋಡಿಯಾದರೂ ಮಾಡಿ ಮುಗಿಸಬಹುದು. ಈ ಎರಡರಲ್ಲಿ ಮಾತ್ರ ನಮ್ಮ ಕರಾವಳಿಯ ಹವೆ ಮತ್ತು ನೆಲ ತಮ್ಮದೇ ತೊಡಕುಗಳನ್ನು ಒಡ್ಡುತ್ತವೆ. ಆದುದರಿಂದ ಈ ಲೇಖನದ ಬಹುಪಾಲು ಅವಕ್ಕೇ ಮೀಸಲು.

ಮೊದಲು ಕಾಗದಪತ್ರ

ಚೇಂಬರ್ ಮತ್ತು ಅದರ ವಿದ್ಯುದಂಶವನ್ನು ಅಳೆಯುವ ಎಲೆಕ್ಟ್ರೋಮೀಟರ್‌ನ ಕ್ಯಾಲಿಬ್ರೇಷನ್ ಪ್ರಮಾಣಪತ್ರವನ್ನು ಎದುರಿಗಿಟ್ಟುಕೊಂಡೇ ಕೆಲಸ ಆರಂಭಿಸಬೇಕು. ನಮ್ಮ ದೇಶದಲ್ಲಿ ಈ ಮಾಪಕಗಳ ಮೂಲ ಹೋಲಿಕೆ ಮುಂಬೈಯ ಭಾಭಾ ಪರಮಾಣು ಸಂಶೋಧನ ಕೇಂದ್ರದ ಪ್ರಯೋಗಾಲಯಕ್ಕೆ ಹೋಗಿ ನಿಲ್ಲುತ್ತದೆ. ಪ್ರಮಾಣಪತ್ರದಲ್ಲಿ ನೋಡಬೇಕಾದುದು ರೀಡಿಂಗನ್ನು ಡೋಸ್‌ಗೆ ಪರಿವರ್ತಿಸುವ ಗುಣಕದ ಅಂಕಿಯೊಂದನ್ನೇ ಅಲ್ಲ, ಅದು ಯಾವ ತಾಪಕ್ಕೆ ಮತ್ತು ಯಾವ ಒತ್ತಡಕ್ಕೆ ಕೊಟ್ಟ ಗುಣಕ ಎಂಬುದನ್ನೂ ಓದಬೇಕು. ಸಾಮಾನ್ಯವಾಗಿ ಅದು 20 ಡಿಗ್ರಿ ಸೆಲ್ಸಿಯಸ್ ಮತ್ತು 1013.25 ಹೆಕ್ಟೋಪ್ಯಾಸ್ಕಲ್ ಆಗಿರುತ್ತದೆ. ಬೇರೆ ದೇಶದ ಕೆಲವು ಪ್ರಯೋಗಾಲಯಗಳು 22 ಡಿಗ್ರಿಯನ್ನು ಆಧಾರವಾಗಿ ಇಟ್ಟುಕೊಳ್ಳುತ್ತವೆ. ಅದನ್ನು ಗಮನಿಸದೆ ಹಳೆಯ ಎಕ್ಸೆಲ್ ಹಾಳೆಯಲ್ಲೇ ಲೆಕ್ಕ ಹಾಕಿದರೆ ಶೇ 0.7ರಷ್ಟು ತಪ್ಪು ಮೊದಲ ಸಾಲಿನಲ್ಲೇ ಸೇರಿಹೋಗುತ್ತದೆ.

ಯಂತ್ರವನ್ನು ಬೆಚ್ಚಗಾಗಿಸುವುದು, ಬಾಗಿಲು ತೆರೆದರೆ ಕಿರಣ ನಿಲ್ಲಿಸುವ ಇಂಟರ್‌ಲಾಕ್, ಎಚ್ಚರಿಕೆಯ ದೀಪ, ಲೇಸರ್, ಬೆಳಕಿನ ಕ್ಷೇತ್ರ, ದೂರ ತೋರಿಸುವ ಮಾಪಕ ಇವುಗಳ ಪರೀಕ್ಷೆ ಪ್ರತಿದಿನದ ಪಟ್ಟಿಯಲ್ಲೇ ಇವೆ. ಅವು ಸರಿಯಿಲ್ಲದಿದ್ದರೆ ಮುಂದೆ ಹೋಗಬಾರದು.

ನೀರು ತುಂಬುವುದು ಹಿಂದಿನ ದಿನ

ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆ 2000ದಲ್ಲಿ ಪ್ರಕಟಿಸಿ 2024ರಲ್ಲಿ ಪರಿಷ್ಕರಿಸಿದ ಟಿಆರ್‌ಎಸ್-398 ಕ್ರಮದ ಪ್ರಕಾರ ಈ ಮಾಪನ ನಡೆಯುವುದು ನೀರಿನಲ್ಲಿ. 30 ಸೆಂಟಿಮೀಟರ್ ಉದ್ದ, ಅಗಲ, ಎತ್ತರದ ಅಕ್ರಿಲಿಕ್ ತೊಟ್ಟಿಗೆ ಹೆಚ್ಚುಕಡಿಮೆ 27 ಲೀಟರ್ ನೀರು ಬೇಕು. ಮಾರ್ಚ್‌ನಿಂದ ಮೇ ತಿಂಗಳವರೆಗೆ ನಮ್ಮಲ್ಲಿ ತಾರಸಿಯ ಟ್ಯಾಂಕಿನಿಂದ ಇಳಿಯುವ ನೀರು 30 ಡಿಗ್ರಿ ದಾಟಿರುತ್ತದೆ, ಚಿಕಿತ್ಸಾ ಕೊಠಡಿಯೊಳಗೆ ಎಸಿ 22–23 ಡಿಗ್ರಿಯಲ್ಲಿ ಓಡುತ್ತಿರುತ್ತದೆ. ಸಂಜೆ ಕೊನೆಯ ರೋಗಿ ಹೋದ ಮೇಲೆ ತೊಟ್ಟಿ ತುಂಬಿಸಿ, ಅರ್ಧ ಗಂಟೆಯಲ್ಲಿ ಚೇಂಬರ್ ಇಳಿಸಿ, ಗೋಡೆಯ ಮೇಲಿನ ಥರ್ಮಾಮೀಟರ್ ನೋಡಿ 23 ಎಂದು ಬರೆದುಕೊಂಡು ಮುಗಿಸುವುದನ್ನು ನಾನು ಒಂದಕ್ಕಿಂತ ಹೆಚ್ಚು ಕಡೆ ನೋಡಿದ್ದೇನೆ. ಬಚ್ಚಲಿನ ಹಂಡೆಯ ನೀರು ಒಲೆ ಆರಿದ ಮೇಲೂ ಎಷ್ಟು ಹೊತ್ತು ಬಿಸಿಯಾಗಿಯೇ ಇರುತ್ತದೆಂದು ಬಲ್ಲವರು ಇಷ್ಟು ನೀರು ಅರ್ಧ ಗಂಟೆಯಲ್ಲಿ ತಣಿಯುತ್ತದೆಂದು ನಂಬಬಾರದು.

ತಾಪ ಇಲ್ಲಿ ಯಾಕೆ ಮುಖ್ಯ ಎಂದರೆ, ಚೇಂಬರ್‌ನೊಳಗಿರುವುದು ಹೊರಗಿನ ಗಾಳಿಗೆ ತೆರೆದುಕೊಂಡ ಚಿಟಿಕೆಯಷ್ಟು ಗಾಳಿ. ಈ ಕೆಲಸಕ್ಕೆ ಹೆಚ್ಚಾಗಿ ಬಳಸುವ ಫಾರ್ಮರ್ ಮಾದರಿಯ ಚೇಂಬರ್‌ನಲ್ಲಿ ಅದು ಸುಮಾರು 0.6 ಘನ ಸೆಂಟಿಮೀಟರ್ ಮಾತ್ರ. ಗಾಳಿ ಬಿಸಿಯಾದರೆ ಹಿಗ್ಗಿ ಒಂದಿಷ್ಟು ಹೊರಹೋಗುತ್ತದೆ, ಒಳಗೆ ಉಳಿದ ಅಣುಗಳು ಕಡಿಮೆಯಾಗುತ್ತವೆ, ಅದೇ ಡೋಸ್‌ಗೆ ಕಡಿಮೆ ವಿದ್ಯುದಂಶ ಸಿಗುತ್ತದೆ. ಈ ಕೊರತೆಯನ್ನು ತುಂಬಿಕೊಡುವ ತಿದ್ದುಪಡಿ ಹೀಗಿದೆ: 273.15ಕ್ಕೆ ನೀರಿನ ತಾಪವನ್ನು ಕೂಡಿಸಿ 293.15ರಿಂದ ಭಾಗಿಸಬೇಕು, ಬಂದುದನ್ನು 1013.25ರಿಂದ ಗುಣಿಸಿ ಆ ಕ್ಷಣದ ಒತ್ತಡದಿಂದ ಭಾಗಿಸಬೇಕು. ಒಂದು ಡಿಗ್ರಿಯ ತಪ್ಪಿಗೆ ಶೇ 0.34ರಷ್ಟು, ಹತ್ತು ಹೆಕ್ಟೋಪ್ಯಾಸ್ಕಲ್ ತಪ್ಪಿಗೆ ಶೇ 1ರಷ್ಟು ವ್ಯತ್ಯಾಸ ಬರುತ್ತದೆ.

ಮೇಲೆ ಹೇಳಿದ ಸಂಜೆಯ ಲೆಕ್ಕವನ್ನೇ ಮಾಡಿ ನೋಡೋಣ. ಒತ್ತಡ 1006 ಹೆಕ್ಟೋಪ್ಯಾಸ್ಕಲ್, ನೀರಿನ ನಿಜವಾದ ತಾಪ 30 ಡಿಗ್ರಿ ಎಂದಿಟ್ಟುಕೊಂಡರೆ ತಿದ್ದುಪಡಿ 1.042. ಗೋಡೆಯ 23 ಡಿಗ್ರಿಯನ್ನು ಹಾಕಿದರೆ 1.018. ಅಂದರೆ ಡೋಸ್ ನಿಜಕ್ಕಿಂತ ಶೇ 2.3ರಷ್ಟು ಕಡಿಮೆ ಎಂದು ಲೆಕ್ಕ ಹೇಳುತ್ತದೆ. ಯಂತ್ರ ಸರಿಯಾಗಿಯೇ ಇರುತ್ತದೆ, ಆದರೆ ಅದು ಕಡಿಮೆ ಕೊಡುತ್ತಿದೆಯೆಂದು ನಂಬಿ ಔಟ್‌ಪುಟ್ ಏರಿಸಲಾಗುತ್ತದೆ. ಮರುದಿನ ಬೆಳಗ್ಗೆಯಿಂದ ಆ ಯಂತ್ರದಡಿ ಮಲಗುವ ಪ್ರತಿಯೊಬ್ಬ ರೋಗಿಗೂ, ಮುಂದಿನ ಮಾಪನದವರೆಗೆ, ಶೇ 2.3ಕ್ಕಿಂತ ತುಸು ಮೇಲೆಯೇ ಹೆಚ್ಚುವರಿ ಡೋಸ್ ಹೋಗುತ್ತದೆ. ಕುತ್ತಿಗೆಯ ಬೆನ್ನುಹುರಿಯೋ ಕರುಳೋ ಈಗಾಗಲೇ ಸಹಿಸಬಲ್ಲ ಮಿತಿಯ ಅಂಚಿನಲ್ಲಿರುವವರಿಗೆ ಇದು ಸಣ್ಣ ಸಂಗತಿಯಲ್ಲ.

ಆದುದರಿಂದ ನನ್ನ ಕಟ್ಟುನಿಟ್ಟಿನ ಸಲಹೆ: ತೊಟ್ಟಿಯನ್ನು ಹಿಂದಿನ ದಿನ ಸಂಜೆಯೇ ತುಂಬಿಸಿ, ಮೇಲೆ ಮುಚ್ಚಳವಿಟ್ಟು, ಚಿಕಿತ್ಸಾ ಕೊಠಡಿಯ ಒಳಗೇ ಇಡಬೇಕು. ಚೇಂಬರ್, ಅದರ ಕವಚ, ಥರ್ಮಾಮೀಟರ್ ಎಲ್ಲವೂ ರಾತ್ರಿ ಅದೇ ಕೊಠಡಿಯಲ್ಲಿರಲಿ. ಕರೆಂಟು ಉಳಿಸಲೆಂದು ರಾತ್ರಿ ಎಸಿ ಆರಿಸುವ ಅಭ್ಯಾಸವಿರುವ ಕಡೆ ಆ ಒಂದು ರಾತ್ರಿಯಾದರೂ ಆರಿಸಬಾರದೆಂದು ಆಡಳಿತದವರಿಗೆ ಬರೆದು ತಿಳಿಸಬೇಕು. ಎಸಿ ಆರಿಸಿ ಬೆಳಗ್ಗೆ ಹಾಕಿದರೆ ಕೊಠಡಿಯ ಗಾಳಿ ಬೇಗ ತಣಿಯುತ್ತದೆ, ನೀರು ಮಾತ್ರ ಮಧ್ಯಾಹ್ನದವರೆಗೂ ನಿಧಾನವಾಗಿ ಇಳಿಯುತ್ತಲೇ ಇರುತ್ತದೆ.

ಬಿಸಿನೀರಿಗೆ ಫ್ರಿಜ್ಜಿನ ತಣ್ಣೀರು ಬೆರೆಸಿ 23ಕ್ಕೆ ತರುವ ಅಡ್ಡದಾರಿಯೂ ಬಳಕೆಯಲ್ಲಿದೆ. ಅದನ್ನು ನಾನು ಒಪ್ಪುವುದಿಲ್ಲ. ಬೆರೆಸಿದ ನೀರು ಪದರ ಪದರವಾಗಿ ನಿಲ್ಲುತ್ತದೆ, ಮೇಲ್ಮೈಯಲ್ಲಿ ಒಂದು ತಾಪ, ಹತ್ತು ಸೆಂಟಿಮೀಟರ್ ಆಳದಲ್ಲಿ ಇನ್ನೊಂದು. ರಾತ್ರಿಯಿಡೀ ಇಟ್ಟ ನೀರಿನ ತಾಪವೂ ಕೊಠಡಿಯ ತಾಪಕ್ಕೆ ಸರಿಸಮ ಆಗಿರುತ್ತದೆಂಬ ಭರವಸೆಯಿಲ್ಲ, ಮೇಲ್ಮೈಯಿಂದ ಆವಿಯಾಗುವ ನೀರು ತೊಟ್ಟಿಯನ್ನು ಕೊಠಡಿಗಿಂತ ತುಸು ತಂಪಾಗಿಡುತ್ತದೆ. ಹಾಗಾಗಿ ಥರ್ಮಾಮೀಟರ್‌ನ ತುದಿ ನೀರಿನೊಳಗೆ, ಚೇಂಬರ್‌ನ ಆಳದಲ್ಲೇ, ಆದರೆ ಕಿರಣದ ದಾರಿಗೆ ಅಡ್ಡವಾಗದಂತೆ ಇರಬೇಕು. ಮೊದಲ ರೀಡಿಂಗ್‌ಗೆ ಮುಂಚೆ ಒಮ್ಮೆ, ಕೊನೆಯ ರೀಡಿಂಗ್ ಆದ ಮೇಲೆ ಒಮ್ಮೆ ತಾಪ ಬರೆದುಕೊಳ್ಳಬೇಕು. ನಡುವೆ 0.2 ಡಿಗ್ರಿಗಿಂತ ಹೆಚ್ಚು ಬದಲಾಗಿದ್ದರೆ ಆ ರೀಡಿಂಗ್‌ಗಳನ್ನು ಬಿಟ್ಟು ಕಾಯುವುದೇ ಸರಿ.

ಥರ್ಮಾಮೀಟರ್ 0.1 ಡಿಗ್ರಿ ತೋರಿಸುವಂಥದ್ದಾಗಿರಬೇಕು ಮತ್ತು ಅದಕ್ಕೂ ಪ್ರಮಾಣಪತ್ರ ಇರಬೇಕು. ಅಡುಗೆಗೆಂದು ಮಾರುವ ಚೂಪು ತುದಿಯ ಡಿಜಿಟಲ್ ಥರ್ಮಾಮೀಟರ್‌ಗಳು ದಶಮಾಂಶ ತೋರಿಸುತ್ತವೆ, ಆದರೆ ಅವುಗಳ ಜೊತೆ ಬರುವ ಚೀಟಿಯಲ್ಲೇ ಒಂದು ಡಿಗ್ರಿ ಹೆಚ್ಚುಕಡಿಮೆ ಆಗಬಹುದೆಂದು ಬರೆದಿರುವುದುಂಟು. ಲಕ್ಷಾಂತರ ರೂಪಾಯಿಯ ಎಲೆಕ್ಟ್ರೋಮೀಟರ್ ಪಕ್ಕದಲ್ಲಿ ಅಂಥದನ್ನು ಇಡಬೇಡಿ.

ಒತ್ತಡ: ಗುಡ್ಡದ ಮೇಲಿನ ಆಸ್ಪತ್ರೆಯೂ ಫೋನಿನ ಆ್ಯಪ್ ಕೂಡ

ಬ್ಯಾರೋಮೀಟರ್ ಕೆಟ್ಟಾಗ ಎಲ್ಲರೂ ಫೋನ್ ತೆಗೆಯುತ್ತಾರೆ. ಹವಾಮಾನದ ಆ್ಯಪ್‌ಗಳೂ ಬಜ್ಪೆ ವಿಮಾನ ನಿಲ್ದಾಣದ ಹವಾ ವರದಿಯೂ ಕೊಡುವುದು ಸಮುದ್ರಮಟ್ಟಕ್ಕೆ ಇಳಿಸಿ ಲೆಕ್ಕ ಹಾಕಿದ ಒತ್ತಡವನ್ನು, ಚೇಂಬರ್ ಅನುಭವಿಸುವುದು ತಾನು ನಿಂತಿರುವ ಎತ್ತರದ ಒತ್ತಡವನ್ನು. ನಮ್ಮ ತಾಪಮಾನದಲ್ಲಿ ಮೇಲೇರಿದ ಪ್ರತಿ ಎಂಟೂವರೆ ಒಂಬತ್ತು ಮೀಟರಿಗೆ ಒಂದು ಹೆಕ್ಟೋಪ್ಯಾಸ್ಕಲ್ ಕಡಿಮೆಯಾಗುತ್ತದೆ. ಕಡಲಿಗೆ ಹತ್ತಿರ, ತಗ್ಗಿನಲ್ಲಿರುವ ಕಟ್ಟಡಕ್ಕೆ ಈ ತಪ್ಪು ಅಷ್ಟಾಗಿ ತಟ್ಟುವುದಿಲ್ಲ. ಮಣಿಪಾಲದಂತೆ ಸುಮಾರು 70–80 ಮೀಟರ್ ಎತ್ತರದ ಮುರಕಲ್ಲು ಗುಡ್ಡದ ಮೇಲಾದರೆ ಎಂಟೊಂಬತ್ತು ಹೆಕ್ಟೋಪ್ಯಾಸ್ಕಲ್, ಅಂದರೆ ಹೆಚ್ಚುಕಡಿಮೆ ಶೇ 0.9ರಷ್ಟು ತಪ್ಪು ಯಾರ ಗಮನಕ್ಕೂ ಬಾರದೆ ಸೇರಿಕೊಳ್ಳುತ್ತದೆ. ಕರಾವಳಿಯಲ್ಲಿದ್ದೇವೆ, ಆದುದರಿಂದ ಸಮುದ್ರಮಟ್ಟದಲ್ಲೇ ಇದ್ದೇವೆ ಎಂಬ ಊಹೆ ನಮ್ಮ ಜಿಲ್ಲೆಗಳಿಗೆ ಹೊಂದುವುದಿಲ್ಲ.

ಅಂಗಡಿಯಲ್ಲಿ ಸಿಗುವ ಕೆಲವು ಡಿಜಿಟಲ್ ಹವಾಮಾಪಕಗಳೂ ತಾವಾಗಿಯೇ ಸಮುದ್ರಮಟ್ಟಕ್ಕೆ ಇಳಿಸಿದ ಅಂಕಿಯನ್ನು ತೋರಿಸುತ್ತವೆ. ಕೊಳ್ಳುವ ಮುನ್ನ ಅದರಲ್ಲಿ ಸ್ಥಳದ ನೇರ ಒತ್ತಡವನ್ನು ತೋರಿಸುವ ವ್ಯವಸ್ಥೆ ಇದೆಯೇ ಎಂದು ಕೇಳಬೇಕು, ಇಲ್ಲವಾದರೆ ಬಿಟ್ಟುಬಿಡಬೇಕು.

ಒತ್ತಡವನ್ನು ಬೆಳಗ್ಗೆ ಬರೆದಿಟ್ಟು ಸಂಜೆಯ ಮಾಪನಕ್ಕೆ ಬಳಸುವುದೂ ತಪ್ಪು. ಉಷ್ಣವಲಯದಲ್ಲಿ ಗಾಳಿಯ ಒತ್ತಡ ಬೆಳಗ್ಗೆ ಹತ್ತು ಗಂಟೆಯ ಹೊತ್ತಿಗೆ ಏರಿ ಸಂಜೆ ನಾಲ್ಕರ ಸುಮಾರಿಗೆ ಇಳಿಯುತ್ತದೆ, ಈ ಏರಿಳಿತವೇ ಮೂರು ಹೆಕ್ಟೋಪ್ಯಾಸ್ಕಲ್ ಆಸುಪಾಸಿನದು. ಅರಬ್ಬೀ ಸಮುದ್ರದಲ್ಲಿ ವಾಯುಭಾರ ಕುಸಿದ ದಿನಗಳಲ್ಲಿ ಇನ್ನೂ ಹೆಚ್ಚು. ಹಳೆಯ ಬ್ಯಾರೋಮೀಟರ್ ಪಾದರಸದ ಮಿಲಿಮೀಟರ್‌ನಲ್ಲಿ, ಹೊಸದು ಹೆಕ್ಟೋಪ್ಯಾಸ್ಕಲ್‌ನಲ್ಲಿ, ಸಾಫ್ಟ್‌ವೇರ್ ಕಿಲೋಪ್ಯಾಸ್ಕಲ್‌ನಲ್ಲಿ ಕೇಳುವುದು ಮಾಮೂಲು. 760 ಮಿಲಿಮೀಟರ್, 1013.25 ಹೆಕ್ಟೋಪ್ಯಾಸ್ಕಲ್, 101.325 ಕಿಲೋಪ್ಯಾಸ್ಕಲ್ ಮೂರೂ ಒಂದೇ ಎಂಬುದನ್ನು ಲೆಕ್ಕದ ಹಾಳೆಯ ತಲೆಯ ಮೇಲೆ ಅಚ್ಚು ಹಾಕಿಸಿಡಿ. ಏಕಮಾನದ ಗೊಂದಲ ಎಲ್ಲಿಗೆ ಒಯ್ಯಬಲ್ಲದು ಎಂಬುದಕ್ಕೆ 1996ರಲ್ಲಿ ಕೋಸ್ಟರಿಕದ ಸಾನ್ ಹೋಸೆಯಲ್ಲಿ ನಡೆದ ದುರಂತ ಸಾಕ್ಷಿ. ಕೋಬಾಲ್ಟ್ ಚಿಕಿತ್ಸಾ ಯಂತ್ರದ ವಿಕಿರಣ ಮೂಲವನ್ನು ಬದಲಿಸಿದ ಮೇಲೆ ಮಾಡಿದ ಕ್ಯಾಲಿಬ್ರೇಷನ್‌ನಲ್ಲಿ 0.3 ನಿಮಿಷವನ್ನು, ಅಂದರೆ 18 ಸೆಕೆಂಡನ್ನು, 30 ಸೆಕೆಂಡ್ ಎಂದು ತೆಗೆದುಕೊಳ್ಳಲಾಯಿತು. ಡೋಸ್‌ನ ದರ ನಿಜಕ್ಕಿಂತ ಬಹಳ ಕಡಿಮೆಯೆಂದು ಲೆಕ್ಕ ಬಂದು, 115 ರೋಗಿಗಳಿಗೆ ಬೇಕಾದುದಕ್ಕಿಂತ ತುಂಬ ಹೆಚ್ಚು ವಿಕಿರಣ ಹೋಯಿತು.

ಚೇಂಬರ್ ಇಳಿಸುವುದು

ಗ್ಯಾಂಟ್ರಿಯನ್ನು (ಯಂತ್ರದ ತಲೆಯನ್ನು ಹೊತ್ತು ತಿರುಗುವ ತೋಳನ್ನು) ಸ್ಪಿರಿಟ್ ಲೆವೆಲ್ ಇಟ್ಟು ಸೊನ್ನೆಗೆ ತರಬೇಕು, ಕಿರಣದ ಕ್ಷೇತ್ರ 10×10 ಸೆಂಟಿಮೀಟರ್, ಆಳ 10 ಸೆಂಟಿಮೀಟರ್, ನೀರಿನ ಮೇಲ್ಮೈಗೆ ದೂರ 100 ಸೆಂಟಿಮೀಟರ್. ಆರು ಎಂವಿ (ಮೆಗಾವೋಲ್ಟ್) ಕಿರಣಕ್ಕೆ ಆಳದಲ್ಲಿ ಒಂದು ಮಿಲಿಮೀಟರ್ ತಪ್ಪಿದರೆ ಹೆಚ್ಚುಕಡಿಮೆ ಶೇ 0.5ರಷ್ಟು ವ್ಯತ್ಯಾಸ ಬರುತ್ತದೆ. ರಾತ್ರಿಯಲ್ಲಿ ಆವಿಯಾದ ನೀರನ್ನು ಬೆಳಗ್ಗೆ ಸರಿತೂಗಿಸಿದ ಮೇಲೆಯೇ ಆಳವನ್ನು ನಿಗದಿಪಡಿಸಬೇಕು.

ಜಲನಿರೋಧಕವಲ್ಲದ ಚೇಂಬರ್‌ಗೆ ಒಂದು ಮಿಲಿಮೀಟರ್ ಮೀರದ ಗೋಡೆಯ ಅಕ್ರಿಲಿಕ್ ಕವಚ ಬೇಕು. ಅದು ಒಡೆದುಹೋದಾಗ ರಬ್ಬರ್ ಕೈಗವಸಿನ ಬೆರಳನ್ನು ಕತ್ತರಿಸಿ ಹಾಕುವುದುಂಟು. ಕೈಗವಸಿನೊಳಗಿನ ಪುಡಿ ಚೇಂಬರ್‌ನ ಗಾಳಿರಂಧ್ರದೊಳಕ್ಕೆ ಹೋದರೆ ಚೇಂಬರ್‌ನ ಗುಣವೇ ಕೆಡುತ್ತದೆ, ಇದನ್ನು ಯಾವ ತುರ್ತಿನಲ್ಲೂ ಮಾಡಬಾರದು.

ಮಳೆಗಾಲದ ತೇವದ ಬಗ್ಗೆ ಎರಡು ಮಾತು ಅಗತ್ಯ. ಸಾಪೇಕ್ಷ ತೇವಾಂಶ ಶೇ 20ರಿಂದ 80ರೊಳಗೆ ಇದ್ದರೆ ಲೆಕ್ಕದಲ್ಲಿ ಬೇರೆ ತಿದ್ದುಪಡಿ ಬೇಕಿಲ್ಲ. ಆಟಿ ತಿಂಗಳಲ್ಲಿ (ಜುಲೈ–ಆಗಸ್ಟ್) ಹೊರಗಿನ ಗಾಳಿ ಆ ಮಿತಿಯನ್ನು ದಾಟಿಯೇ ಇರುತ್ತದೆ. ಎಸಿ ಓಡುತ್ತಿರುವ ಕೊಠಡಿಯೊಳಗೆ ಅದು ತೊಂದರೆಯಲ್ಲ. ನಿಜವಾದ ತೊಂದರೆ ಕೇಬಲ್‌ನ ಕನೆಕ್ಟರ್‌ನಲ್ಲಿದೆ. ಅಲ್ಲಿ ತೇವ ಕೂತರೆ ಕಿರಣ ಇಲ್ಲದಿರುವಾಗಲೂ ಎಲೆಕ್ಟ್ರೋಮೀಟರ್ ಓಡುತ್ತದೆ. ಚೇಂಬರ್ ಮತ್ತು ಕೇಬಲ್ ತುದಿಗಳನ್ನು ಸಿಲಿಕಾ ಜೆಲ್ ಇರುವ ಮುಚ್ಚಿದ ಪೆಟ್ಟಿಗೆಯಲ್ಲಿ ಇಡಬೇಕು, ನೀಲಿ ಹರಳು ಗುಲಾಬಿಗೆ ತಿರುಗಿದರೆ ಬಿಸಿ ಮಾಡಿ ಒಣಗಿಸಬೇಕು ಅಥವಾ ಬದಲಿಸಬೇಕು. ವೋಲ್ಟೇಜ್ ಕೊಟ್ಟು ಹದಿನೈದು ಇಪ್ಪತ್ತು ನಿಮಿಷ ಬಿಟ್ಟು, ಒಮ್ಮೆ ಕಿರಣ ಹಾಯಿಸಿ, ಆಮೇಲೆ ಸೋರಿಕೆಯನ್ನು, ಅಂದರೆ ಕಿರಣ ಇಲ್ಲದಿರುವಾಗ ಬರುವ ರೀಡಿಂಗನ್ನು, ಅಳೆಯಬೇಕು. ಅದು ಮಾಪನದ ಶೇ 0.1ನ್ನು ಮೀರಿದರೆ ಕನೆಕ್ಟರ್ ಒಣಗಿಸದೆ ಮುಂದುವರಿಯಬಾರದು.

ರೀಡಿಂಗ್, ಲೆಕ್ಕ, ತೀರ್ಮಾನ

ನೂರು ಮಾನಿಟರ್ ಯೂನಿಟ್‌ಗಳ ಐದು ರೀಡಿಂಗ್ ತೆಗೆಯಿರಿ, ವೋಲ್ಟೇಜ್‌ನ ಧ್ರುವ ಬದಲಿಸಿ, ಮತ್ತೆ ಕಡಿಮೆ ವೋಲ್ಟೇಜ್‌ನಲ್ಲಿ ತೆಗೆಯಿರಿ, ಪ್ರತಿ ಬದಲಾವಣೆಯ ನಂತರ ಕೆಲವು ನಿಮಿಷ ಕಾಯಿರಿ.

ಲೆಕ್ಕವನ್ನು ಮಾಡಿದವರೇ ತಪಾಸಣೆ ಮಾಡಬಾರದು. ಇನ್ನೊಬ್ಬ ಫಿಸಿಸಿಸ್ಟ್ ಬರೀ ರೀಡಿಂಗ್, ತಾಪ, ಒತ್ತಡ ಈ ಮೂರನ್ನು ಪಡೆದು, ಬೇರೆ ಕಾಗದದ ಮೇಲೆ, ಕ್ಯಾಲ್ಕುಲೇಟರ್‌ನಲ್ಲಿ ಲೆಕ್ಕ ಹಾಕಬೇಕು. ಅದೇ ಎಕ್ಸೆಲ್ ಹಾಳೆಯನ್ನು ತೆರೆದು ಸಹಿ ಹಾಕುವುದು ಎರಡನೆಯ ತಪಾಸಣೆ ಎನಿಸದು. ಒಬ್ಬರೇ ಇರುವ ಆಸ್ಪತ್ರೆಯವರು ಹತ್ತಿರದ ಊರಿನ ಸಹೋದ್ಯೋಗಿಗೆ ಅಂಕಿಗಳನ್ನು ಕಳುಹಿಸಿ ಕೇಳುವುದರಲ್ಲಿ ಸಂಕೋಚಪಡಬೇಕಿಲ್ಲ.

ಪ್ರತಿದಿನದ ಸ್ಥಿರತೆಯ ಪರೀಕ್ಷೆಗೆ ಶೇ 3, ತಿಂಗಳ ಪರೀಕ್ಷೆಗೆ ಶೇ 2 ಎಂಬುದು ಸಾಮಾನ್ಯವಾಗಿ ಪಾಲಿಸುವ ಮಿತಿ. ಶೇ 0.5ರಷ್ಟು ವ್ಯತ್ಯಾಸ ಕಂಡಾಗಲೆಲ್ಲ ಯಂತ್ರವನ್ನು ತಿದ್ದುತ್ತ ಹೋಗುವುದು ನನಗೆ ಸರಿಕಾಣದು, ಹಾಗೆ ಮಾಡಿದರೆ ಯಂತ್ರದ ನಿಜವಾದ ಓಲಾಟವೇ ಮರೆಯಾಗುತ್ತದೆ. ಮಿತಿ ದಾಟಿದ ಅಂಕಿ ಬಂದರೆ ಮೊದಲು ನೀರಿನ ತಾಪ ನೋಡಿ, ಒತ್ತಡ ನೋಡಿ, ಆಳ ನೋಡಿ, ಸಾಧ್ಯವಿದ್ದರೆ ಬೇರೆ ಚೇಂಬರ್‌ನಿಂದ ಅಳೆಯಿರಿ. ಅಷ್ಟಾದ ಮೇಲೂ ಅಂಕಿ ಅಲ್ಲೇ ನಿಂತರೆ ಚಿಕಿತ್ಸೆ ನಿಲ್ಲಿಸಿ, ಆಂಕಾಲಜಿಸ್ಟ್‌ಗೂ ವಿಕಿರಣ ಸುರಕ್ಷತಾ ಅಧಿಕಾರಿಗೂ ತಿಳಿಸಿ, ಆಮೇಲೆ ಯಂತ್ರವನ್ನು ಮುಟ್ಟಿ.

ದಾಖಲೆಯಲ್ಲಿ ಕೊನೆಯ ಫಲಿತಾಂಶದೊಂದಿಗೆ ತಾಪ, ಒತ್ತಡ, ನೀರು ತುಂಬಿಸಿದ ಹೊತ್ತು ಇವನ್ನೂ ಬರೆದಿಡಬೇಕು. ವರ್ಷದ ಅಂಕಿಗಳನ್ನು ಗ್ರಾಫ್‌ನಲ್ಲಿ ಹಾಕಿದಾಗ ಬೇಸಿಗೆಗೊಮ್ಮೆ ಇಳಿದು ಮಳೆಗಾಲಕ್ಕೊಮ್ಮೆ ಏರುವ ಗೆರೆ ಕಂಡರೆ ಎರಡು ಕಾರಣಗಳನ್ನು ಹುಡುಕಬೇಕು: ಥರ್ಮಾಮೀಟರ್ ನೀರಿನ ಹೊರಗೆ ಉಳಿದಿರಬಹುದು, ಅಥವಾ ಮಾನಿಟರ್ ಯೂನಿಟ್‌ಗಳನ್ನು ಎಣಿಸುವ, ಯಂತ್ರದ ತಲೆಯೊಳಗಿನ ಮುಚ್ಚಿದ ಮಾನಿಟರ್ ಚೇಂಬರ್‌ನ ಸೀಲ್ ಸೋರುತ್ತಿರಬಹುದು. ಎರಡನೆಯದಾದರೆ ಕಂಪನಿಯ ಎಂಜಿನಿಯರ್ ಬರಲೇಬೇಕು, ಮತ್ತು ಅವರು ಬರುವವರೆಗೆ ತಿಂಗಳಿಗೊಮ್ಮೆ ಮಾಡುವ ನೀರಿನ ಮಾಪನವನ್ನು ವಾರಕ್ಕೊಮ್ಮೆ ಮಾಡಬೇಕು.